ಫಲಕವಿಲ್ಲದ ಖರ್ಚು

ಬಸವಕಲ್ಯಾಣದಲ್ಲಿ ಓದುವವರಿಗೆ ಕಲ್ಲುಗಳ ಕೊರತೆಯಿಲ್ಲ. ಹಳೆಯವು ಚಾಲುಕ್ಯರ ಕಾಲದವು; ಹೊಸವು ಹೊಳೆಯುವ ಕರಿಕಲ್ಲಿನ ಫಲಕಗಳು. ಬಸ್ ನಿಲ್ದಾಣದಿಂದ ಕೋಟೆಯ ಕಡೆ ನಡೆಯುತ್ತ ಹೋದರೆ ಸಿಸಿ ರಸ್ತೆಗೊಂದು, ಸಮುದಾಯ ಭವನಕ್ಕೊಂದು. ಶಂಕುಸ್ಥಾಪನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತರು ಎಲ್ಲರ ಹೆಸರೂ ಇರುತ್ತದೆ. ದುಡ್ಡಿನ ಮೂಲ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ: ಕೆಕೆಆರ್‌ಡಿಬಿ, ನಗರೋತ್ಥಾನ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ. ‘ಇದು ಈ ಓಣಿಯವರು ಕಟ್ಟಿದ ಮನೆ ಕಂದಾಯದಿಂದ ಆದದ್ದು’ ಎಂದು ಬರೆದ ಕಲ್ಲು ನನಗೆ ಕಾಣಲಿಲ್ಲ. ಹಾಗಾದರೆ ಆ ದುಡ್ಡು ಎಲ್ಲಿ ಹೋಗುತ್ತದೆ? ಈ ಊರಿನಲ್ಲಿ, ಆಮೇಲೆ ಹೆದ್ದಾರಿ ಹಿಡಿದು ಹುಮನಾಬಾದಿನಲ್ಲಿ, ಅದನ್ನೇ ಹುಡುಕುತ್ತ ಓಡಾಡಿದೆ.

ತ್ರಿಪುರಾಂತ ಕೆರೆಯ ಕಡೆಯ ಒಂದು ಮನೆ. ಮುಂದೆ ಕಿರಾಣಿ ಅಂಗಡಿಯ ಶಟರ್, ಹಿಂದೆ ವಾಸ. ಕೆಳಗೆ ಫರ್ಸಿ ಹಾಸಿದ ಹಳೆಯ ಪಡಸಾಲೆ, ಮೇಲೆ ಮಗ ಎಬ್ಬಿಸಿದ ಆರ್‌ಸಿಸಿ ಕೋಣೆ. ಮನೆಯಾಕೆ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಚಲನ್‌ಗಳನ್ನು ಹರವಿದರು. ‘ನಳದ ಪಟ್ಟಿ ಬ್ಯಾರೆ, ಮನಿ ಪಟ್ಟಿ ಬ್ಯಾರೆ ನೋಡ್ರಿ ಅಣ್ಣಾರ. ಎರಡೂ ಒಂದs ಅಂದ್ಕೊಂಡು ಮಂದಿ ಜಗಳಾ ತೆಗೀತಾರ’ ಎಂದರು. ಅಷ್ಟು ಅಚ್ಚುಕಟ್ಟಾದ ದಫ್ತರ ಎಷ್ಟೋ ಕಚೇರಿಗಳಲ್ಲಿ ಸಿಗಲಾರದು.

ಕರ್ನಾಟಕದ ಊರುಗಳಲ್ಲಿ 2002-03ರಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಇದೆ. ಅದಕ್ಕೆ ಮುಂಚೆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬಂದೀತು ಎಂದು ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಆ ಅಂದಾಜು ಬಂದವರ ಮರ್ಜಿಯ ಮೇಲೆ ಹಿಗ್ಗುತ್ತ ಕುಗ್ಗುತ್ತ ಇತ್ತು. ಈಗ ಮಾಲೀಕರೇ ನಮೂನೆ ತುಂಬಬೇಕು: ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಛಾವಣಿ ಆರ್‌ಸಿಸಿಯೋ ತಗಡೋ, ಕಟ್ಟಿ ಎಷ್ಟು ವರ್ಷವಾಯಿತು. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯುತ್ತಾರೆ. ಈಗ ಲೆಕ್ಕ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಗೆ ತಳಕು ಹಾಕಿಕೊಂಡಿದೆ. ಶಟರ್ ಇರುವ ಭಾಗಕ್ಕೆ ವಾಣಿಜ್ಯ ದರ, ಹಿಂದಿನ ಪಡಸಾಲೆಗೆ ವಾಸದ ದರ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜೂನ್ ಮುಗಿಯುವವರೆಗೆ ದಂಡವಿಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ‘ಏಪ್ರಿಲ್ ತಿಂಗಳಾಗs ಕಟ್ಟಿಬಿಡ್ತೀವಿ’ ಎಂದ ಆಕೆಯ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

ಚಲನ್‌ನ ಕೆಳಗಿನ ಸಾಲುಗಳನ್ನು ಯಾರೂ ಓದುವುದಿಲ್ಲ. ತೆರಿಗೆ 1,000 ರೂಪಾಯಿ ಬಂತೆನ್ನಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 150. ಗ್ರಂಥಾಲಯ ಕರ ಶೇ 6, ಅಂದರೆ 60. ಭಿಕ್ಷುಕರ ಕರ ಶೇ 3, ಅಂದರೆ 30. ಆರೋಗ್ಯ ಕರದ ಬೇರು 1962ರ ಕಾಯ್ದೆಯಲ್ಲಿ, ಗ್ರಂಥಾಲಯದ್ದು 1965ರದ್ದರಲ್ಲಿ, ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಲ್ಲಿ. ಈ 240 ರೂಪಾಯಿ ನಗರಸಭೆಯ ಕೈಯಲ್ಲಿ ಹಾದುಹೋಗುತ್ತದೆಯೇ ಹೊರತು ನಗರಸಭೆಯದಲ್ಲ. ಆಯಾ ಇಲಾಖೆಗೆ ಒಪ್ಪಿಸಬೇಕಾದ ಹಣ. ಒಪ್ಪಿಸುವುದು ತಡವಾಗುತ್ತದೆ, ಬಾಕಿ ಬೆಳೆಯುತ್ತದೆ ಎಂದು ಗ್ರಂಥಾಲಯ ಇಲಾಖೆ ರಾಜ್ಯದ ನಗರ ಸಂಸ್ಥೆಗಳ ಮೇಲೆ ವರ್ಷಗಳಿಂದ ದೂರುತ್ತಲೇ ಬಂದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬೆಳಗ್ಗೆಯೇ ಬಂದು ಜಾಗ ಹಿಡಿಯುವ ವಾಚನಾಲಯಗಳಿಗೆ ಆ 60 ರೂಪಾಯಿಯೇ ಜೀವ. ಇನ್ನು ಭಿಕ್ಷುಕರ ಕರ. ಕಾಯಕ, ದಾಸೋಹಗಳ ಮಾತು ಹುಟ್ಟಿದ ಊರಿನ ಚಲನ್‌ನಲ್ಲೂ ಆ ಸಾಲು ಇರುವುದನ್ನು ನೋಡಿ ನನಗೆ ನಗು ಬಂತು. ಹಣ ಹೋಗುವುದು ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ; ಕೆಲಸ ಒಳ್ಳೆಯದೇ.

ಇದೇ ಊರಿನಲ್ಲಿ ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದ. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ಚಾಡಿ ಹೇಳಿದವರಿದ್ದರು, ಲೆಕ್ಕ ತೆಗೆಸಿದಾಗ ಒಂದು ಕಾಸೂ ಕಡಿಮೆಯಾಗಿರಲಿಲ್ಲ ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲಿದೆ. ಅದಕ್ಕೂ ಹಿಂದೆ ಈ ಊರು ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಕನ್ನಡ ಶಾಸನಗಳಲ್ಲಿ ಮನೆವಣ ಎಂದರೆ ಮನೆಯ ಮೇಲಿನ ತೆರಿಗೆ. ಕೆರೆಯ ದುರಸ್ತಿಗೆಂದೇ ಭೂಮಿ ಬಿಟ್ಟ ಉಲ್ಲೇಖಗಳೂ ಉಂಟು. ಯಾವ ತೆರಿಗೆ ಯಾವ ಕೆಲಸಕ್ಕೆ ಎಂದು ಕಲ್ಲಿನಲ್ಲಿ ಬರೆಸುವ ಪದ್ಧತಿ ಆಗ ಇತ್ತು ಎಂಬುದಷ್ಟೇ ನಾನು ಹೇಳಹೊರಟದ್ದು.

ಈಗ ಚಲನ್‌ನಲ್ಲಿ ಉಳಿದ ಸಾವಿರ ರೂಪಾಯಿಯ ಬೆನ್ನು ಹತ್ತೋಣ. ಕಾಯಂ ನೌಕರರ ಸಂಬಳ ರಾಜ್ಯ ಹಣಕಾಸು ಆಯೋಗದ ಅನುದಾನದಿಂದ. ಬೀದಿ ದೀಪ ಮತ್ತು ನೀರೆತ್ತುವ ಪಂಪುಗಳ ಕರೆಂಟು ಬಿಲ್ಲಿಗೂ ಅದರಲ್ಲೇ ಬೇರೆ ಗಂಟು. ಅದು ಜೆಸ್ಕಾಂಗೆ ಸಂದಾಯವಾಗುತ್ತದೆ. ದೊಡ್ಡ ಪೈಪ್‌ಲೈನು, ಒಳಚರಂಡಿ, ಡಾಂಬರು ಇವೆಲ್ಲ ಯೋಜನೆಗಳ ಬಾಬ್ತು. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದ, ಸುಮಾರು 500 ಕೋಟಿ ಅಂದಾಜಿನ ನೂತನ ಅನುಭವ ಮಂಟಪವಂತೂ ಬಸವಕಲ್ಯಾಣ ಅಭಿವೃದ್ಧಿ ಮಂಡಳಿಯ ಹೊಣೆ. ನಗರಸಭೆಯ ಕಡತಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೆ ಕಂದಾಯ, ನಳದ ಪಟ್ಟಿ, ಮಳಿಗೆ ಬಾಡಿಗೆ, ವ್ಯಾಪಾರ ಪರವಾನಗಿ, ಸಂತೆ ಜಕಾತಿ ಕೂಡಿ ಆಗುವ ನಗರಸಭೆಯ ಸ್ವಂತ ನಿಧಿಗೆ ಉಳಿಯುವುದು ಚಿಲ್ಲರೆ ಕೆಲಸಗಳು. ಕಸದ ಆಟೊದ ಡೀಸೆಲ್. ಬ್ಲೀಚಿಂಗ್ ಪೌಡರ್. ಸುಟ್ಟ ಮೋಟರಿಗೆ ಹೊಸ ವೈಂಡಿಂಗ್. ಫಾಗಿಂಗ್ ಔಷಧ. ಒಡೆದ ಪೈಪಿನ ಜೋಡಣೆ. ಇವು ನಿಂತರೆ ಊರು ನಾಲ್ಕು ದಿನದಲ್ಲಿ ನಾರುತ್ತದೆ. ಆದರೆ ವೈಂಡಿಂಗ್ ಮಾಡಿಸಿದ್ದಕ್ಕೆ ಯಾರು ತಾನೆ ಟೇಪು ಕತ್ತರಿಸುತ್ತಾರೆ?

ಈ ಸ್ವಂತ ನಿಧಿಯೂ ಪೂರ್ತಿ ಮುಕ್ತವಲ್ಲ. ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಎತ್ತಿಡಬೇಕು. ವಿದ್ಯಾರ್ಥಿಗೆ ಲ್ಯಾಪ್‌ಟಾಪ್, ಬಡವರ ಮನೆಗೆ ಅಡುಗೆ ಅನಿಲದ ಸಂಪರ್ಕ, ತ್ರಿಚಕ್ರ ವಾಹನ ಇಂಥವೆಲ್ಲ ಈ ಬಾಬ್ತಿನಲ್ಲಿ ಬರುತ್ತವೆ. ‘ಕಂದಾಯದಿಂದ ನಮಗೇನು ಸಿಕ್ಕಿತು’ ಎಂದು ಕೇಳುವವರು ಸಾಮಾನ್ಯವಾಗಿ ಗಟಾರ ನೋಡಿ ಕೇಳುತ್ತಾರೆ. ಪಕ್ಕದ ಓಣಿಯ ಹುಡುಗಿಯ ಲ್ಯಾಪ್‌ಟಾಪು ಅವರ ಲೆಕ್ಕಕ್ಕೆ ಬರುವುದಿಲ್ಲ.

ಬೆಳಗಿನ ಜಾವ ಈ ಚಿಲ್ಲರೆ ಖರ್ಚು ಕಣ್ಣಿಗೆ ಬೀಳುತ್ತದೆ. ಕಸದ ಆಟೊ ಹಾಡು ಹಾಕಿಕೊಂಡು ಓಣಿಗೆ ಬಂತು. ಹಿಂದೆ ನಿಂತಿದ್ದ ಹೆಂಗಸು ಬಕೆಟ್ ಇಸಿದುಕೊಂಡು, ಹಸಿ ಕಸದೊಳಗೆ ಕೈಹಾಕಿ ಹಾಲಿನ ಪಾಕೀಟು, ಮುರಿದ ಬಾಚಣಿಗೆ, ಔಷಧದ ಸೀಸೆ ಆರಿಸಿ ಬೇರೆ ಚೀಲಕ್ಕೆ ಹಾಕಿದಳು. ಮನೆಯವರು ಮಾಡಬೇಕಾದ ಕೆಲಸ ಅದು. ‘ಹೇಳಿ ಹೇಳಿ ಬಾಯಿ ನೊಂದ್ವು ರೀ, ಕೈಲೆ ತೆಗೆಯೋದs ಸಸಾರ’ ಎಂದಳು. ಸರ್ಕಾರದ ಲೆಕ್ಕ 700 ಜನಕ್ಕೊಬ್ಬ ಪೌರಕಾರ್ಮಿಕ. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ 70 ಸಾವಿರಕ್ಕೆ ತುಸು ಕಡಿಮೆ. ಅಂದರೆ 100 ಮಂದಿ ಸಾಕು. ಆ ಗಣತಿಯ ನಂತರ ಊರು ನಾಲ್ಕೂ ದಿಕ್ಕಿಗೆ ಚಾಚಿದೆ, ಲೆಕ್ಕ ಮಾತ್ರ ಅಲ್ಲೇ ಇದೆ. ಜೊತೆಗೆ ಗಣತಿಗೆ ಸಿಗದ ಜನ: 108 ಅಡಿಯ ಬಸವಣ್ಣನ ಮೂರ್ತಿ, ಅಕ್ಕನಾಗಮ್ಮನ ಗವಿ, ಬಂದವರ ಓಣಿ, ದರ್ಗಾ ನೋಡಲು ಬರುವವರು. ಅವರು ಬಿಟ್ಟುಹೋದ ಪತ್ರಾವಳಿ, ನೀರಿನ ಬಾಟಲಿಗೆ ಊರವರ ಕಂದಾಯವೇ ಗತಿ. ಪೂಜಾ ಸ್ಥಳಗಳಿಗೆ, ರಕ್ಷಿತ ಸ್ಮಾರಕಗಳಿಗೆ ಆಸ್ತಿ ತೆರಿಗೆಯಿಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಆದರೆ ಊರ ತುಂಬ ಸ್ಮಾರಕಗಳಿರುವ ಕಡೆ ಅದರ ಭಾರ ಕಿರಾಣಿ ಅಂಗಡಿಯ ಶಟರಿನ ಮೇಲೆ ಬೀಳುತ್ತದೆ.

ಸಸ್ತಾಪುರ ಬಂಗ್ಲಾಕ್ಕೆ ಬಂದು ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ರಾಜೇಶ್ವರ ದಾಟಿ ಹುಮನಾಬಾದ್. ಪುಣೆ–ಹೈದರಾಬಾದ್ ಲಾರಿಗಳ ಊರು. ಬಸವಕಲ್ಯಾಣದ್ದು ನಗರಸಭೆ, 31 ವಾರ್ಡು, ಮೇಲೆ ಪೌರಾಯುಕ್ತರು. ಇಲ್ಲಿಯದು ಪುರಸಭೆ, 27 ವಾರ್ಡು, ಮುಖ್ಯಾಧಿಕಾರಿ. 2011ರಲ್ಲಿ ಜನ ಸುಮಾರು 44 ಸಾವಿರ. ಊರು ಚಿಕ್ಕದಾದರೂ ವ್ಯಾಪಾರ ಚುರುಕು. ಜನವರಿಯ ವೀರಭದ್ರೇಶ್ವರ ಜಾತ್ರೆಗೆ, ಊರಿಗೆ ಅಂಟಿಕೊಂಡ ಮಾಣಿಕನಗರದ ದತ್ತ ಜಯಂತಿಗೆ ಮೂರು ರಾಜ್ಯದ ಜನ ಸೇರುತ್ತಾರೆ. 2017ರಲ್ಲಿ ಈ ಊರ ಮೇಲೆ ಹಾದುಹೋಗುವ ಬೀದರ್–ಕಲಬುರಗಿ ರೈಲೂ ಶುರುವಾಯಿತು.

ಎರಡೂ ಊರಿನಲ್ಲಿ ದುಡ್ಡು ನುಂಗುವ ದೊಡ್ಡ ಬಾಯಿ ನೀರಿನದು. ಬಸವಕಲ್ಯಾಣಕ್ಕೆ ಚುಳಕಿನಾಲಾ, ಹುಮನಾಬಾದಿಗೆ ಕಾರಂಜಾ ಜಲಾಶಯ. ದೂರದಿಂದ ನೀರೆತ್ತಿ, ಶುದ್ಧ ಮಾಡಿ, ಟಾಕಿ ತುಂಬಿಸಿ ಬಿಡಬೇಕು. ಹುಮನಾಬಾದಿನ ವಾಲ್ವ್‌ಮನ್ ಒಬ್ಬರು ಕಬ್ಬಿಣದ ಚಾವಿಯನ್ನು ಹೆಗಲಿಗೆ ಒರಗಿಸಿಕೊಂಡು ನನ್ನ ಜೊತೆ ಎರಡು ಓಣಿ ನಡೆದರು. ರಸ್ತೆಯ ಗುಂಡಿಯೊಳಗೆ ಚಾವಿ ಇಳಿಸಿ, ಇಡೀ ಮೈಭಾರ ಹಾಕಿ ತಿರುಗಿಸಿದ ಮೇಲೆ ಕಿವಿ ನೆಲಕ್ಕೆ ಹತ್ತಿರ ಒಯ್ದು ಸಪ್ಪಳ ಕೇಳಿದರು. ನೀರು ಮುಂದೆ ಹೋಯಿತೋ, ನಡುವೆ ಎಲ್ಲೋ ಸೋರಿತೋ ಎಂದು ಸಪ್ಪಳದಲ್ಲೇ ತಿಳಿಯುತ್ತದಂತೆ. ಬಾಗಿಲಲ್ಲಿ ನೀಲಿ ಡ್ರಮ್ಮುಗಳ ಸಾಲು. ‘ಕಾಕಾ, ನಮ್ಮ ಕಡಿ ಯಾವಾಗ ಬಿಡ್ತೀರಿ’ ಎಂದು ಹೆಣ್ಣುಮಕ್ಕಳು ಕೂಗಿದರು. ಪುರಸಭೆ ಎಂದರೆ ಅವರ ಪಾಲಿಗೆ ಈ ಕಾಕಾನೇ; ಮುಖ್ಯಾಧಿಕಾರಿ ಯಾರೆಂದು ಕೇಳಿದರೆ ಉತ್ತರ ಬರಲಿಲ್ಲ.

ಕಂದಾಯ ಕಟ್ಟುವವರ ಯಾದಿ ಬೆಳೆಸುವ ಒತ್ತಡ ಈಗ ಮೇಲಿನಿಂದಲೇ ಬರುತ್ತಿದೆ. 15ನೇ ಹಣಕಾಸು ಆಯೋಗ ಅನುದಾನಕ್ಕೆ ಷರತ್ತು ಹಾಕಿತು: ಲೆಕ್ಕಪತ್ರ ಜಾಲತಾಣದಲ್ಲಿ ಪ್ರಕಟಿಸಬೇಕು, ರಾಜ್ಯದ ಆರ್ಥಿಕತೆ ಬೆಳೆದಂತೆ ಆಸ್ತಿ ತೆರಿಗೆ ವಸೂಲಿಯೂ ಬೆಳೆಯಬೇಕು. ಕೊಟ್ಟ ಅನುದಾನದಲ್ಲೂ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇತ್ತ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಿ-ಖಾತೆ ಅಭಿಯಾನ ಶುರುಮಾಡಿತು. ಊರಂಚಿನಲ್ಲಿ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ ಹೊಲಗಳಲ್ಲಿ ಕೊಂಡ ಪ್ಲಾಟುಗಳಿಗೆ ಖಾತೆಯೂ ಇರಲಿಲ್ಲ, ಕಂದಾಯವೂ ಇರಲಿಲ್ಲ. ಒಂದು ಸಲ ದುಪ್ಪಟ್ಟು ತೆರಿಗೆ ಕಟ್ಟಿದರೆ ಬಿ-ಖಾತೆ, ಮುಂದೆ ಮಾಮೂಲಿ ದರ. ಇಷ್ಟು ವರ್ಷ ಅಲ್ಲಿಗೂ ನೀರಿನ ಟ್ಯಾಂಕರ್ ಹೋಗುತ್ತಿತ್ತು, ಬೀದಿ ದೀಪ ಕೇಳುತ್ತಿದ್ದರು. ಹಳೆ ಊರಿನವರ ದುಡ್ಡಿನಲ್ಲಿ. ಈಗಲಾದರೂ ಲೆಕ್ಕದೊಳಗೆ ಬಂದದ್ದು ಒಳ್ಳೆಯದೇ. ಅಲ್ಲಿ ಗಟಾರ, ರಸ್ತೆ ಮಾಡಲು ಬೇಕಾದ ಹಣಕ್ಕೆ ಹೋಲಿಸಿದರೆ ಆ ದುಪ್ಪಟ್ಟು ಏನೂ ಅಲ್ಲ ಎಂಬುದನ್ನೂ ಹೇಳಬೇಕು.

ಬಜೆಟ್‌ಗೆ ಮುಂಚೆ ಪುರಸಭೆಗಳು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತವೆ. ಸಂಘದವರು, ನಾಲ್ವರು ಪತ್ರಕರ್ತರು, ಸದಸ್ಯರ ಹಿಂಬಾಲಕರನ್ನು ಬಿಟ್ಟರೆ ಚಲನ್ ಕಟ್ಟುವವರು ಕಾಣಿಸುವುದು ಅಪರೂಪ. ಅವರ ಸಭೆ ನಡೆಯುವುದು ಕೌಂಟರಿನ ಮುಂದೆ. ತೆರಿಗೆ ಕಟ್ಟಿ ರಸೀದಿ ಮಡಚುತ್ತಿದ್ದ ಒಬ್ಬ ಹಿರಿಯರು ಕಿಟಕಿಯೊಳಗೆ ಬಾಗಿ ಕೇಳಿದರು: ‘ಸಾಹೇಬ್ರ, ನಮ್ಮ ಓಣಿ ಗಟಾರ ಯಾವ ಲೆಕ್ಕದಾಗ ಬರ್ತದ?’

‘ಅದಕ್ಕ ನಗರೋತ್ಥಾನದಾಗ ಬರದೀವಿ ಕಾಕಾ. ಮಂಜೂರಾಗಬೇಕು.’

‘ಮತ್ತ ನಾ ಈಗ ಕಟ್ಟಿದ್ದು?’

ಗುಮಾಸ್ತರು ಕಂಪ್ಯೂಟರ್‌ನಿಂದ ತಲೆಯೆತ್ತಿದರು. ‘ಅದರಾಗ ಗಟಾರ ಸ್ವಚ್ಛ ಮಾಡಸ್ತೀವಿ, ಕಟ್ಟೋದಲ್ಲ.’

ನಾನು ಅಷ್ಟು ಹೊತ್ತು ಹುಡುಕಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು. ಹಿರಿಯರಿಗೆ ಮಾತ್ರ ಸಮಾಧಾನವಾಗಲಿಲ್ಲ. ‘ಹಂಗಾದ್ರ ಸ್ವಚ್ಛ ಮಾಡೋ ಮಂದಿ ಯಾವತ್ತು ಬರ್ತಾರ, ಅದನ್ನರ ಬರದು ಕೊಡ್ರಿ’ ಎಂದು ಅಲ್ಲೇ ನಿಂತರು. ಹಿಂದಿನ ಸಾಲಿನವರು ಗೊಣಗತೊಡಗಿದರು.