ಕಳಿಸುವುದಕ್ಕೆ ಆ್ಯಪ್, ಇಡುವುದಕ್ಕೆ ಶಾಖೆ

ಗೃಹಲಕ್ಷ್ಮಿ ದುಡ್ಡು ಜಮೆಯಾಗಿದೆ ಎಂಬ ಸುದ್ದಿ ಹಬ್ಬಿದ ಮರುದಿನ ತಾಲ್ಲೂಕು ಕೇಂದ್ರದ ಯಾವ ಬ್ಯಾಂಕಿಗಾದರೂ ಹೋಗಿ ನೋಡಿ. ಹೆಂಗಸರ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪಾಸ್‌ಬುಕ್ ಒಂದು ಕೈಯಲ್ಲಿ, ಸ್ಮಾರ್ಟ್‌ಫೋನ್ ಇನ್ನೊಂದು ಕೈಯಲ್ಲಿ. ಎರಡು ಸಾವಿರ ಬಂದಿದೆಯೋ ಇಲ್ಲವೋ ಎಂದು ಆ ಫೋನಿನಲ್ಲೇ ನೋಡಬಹುದು. ಎಷ್ಟೋ ಜನ ನೋಡಿಕೊಂಡೇ ಬಂದಿರುತ್ತಾರೆ. ಆದರೂ ಎಂಟ್ರಿ ಹಾಕಿಸಬೇಕು. ಯಂತ್ರದ ಬಾಯಿಗೆ ಪುಟ ಕೊಟ್ಟು, ಕರಕರ ಸದ್ದಿನೊಂದಿಗೆ ಸಾಲು ಅಚ್ಚಾಗಿ ಹೊರಬಂದ ಮೇಲೆ ಬೆರಳಿಟ್ಟು ಓದಿಕೊಂಡರೆ ಆಗ ದುಡ್ಡು ಬಂದ ಹಾಗೆ.

ಇದನ್ನು ಹಿಂದುಳಿದವರ ಹಟ ಎಂದು ತಳ್ಳಿಹಾಕುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್ ಹೊತ್ತಿಗೆ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಹತ್ತು ರೂಪಾಯಿ ಕೊತ್ತಂಬರಿ ಕಟ್ಟಿಗೂ ಸ್ಕ್ಯಾನ್ ಮಾಡುವ ದೇಶದಲ್ಲಿ ಫೋನಿನ ಭಯ ಎಂಬ ವಿವರಣೆ ನಿಲ್ಲುವುದಿಲ್ಲ. ಅದೇ ಜನರಿಗೆ ‘ಸಂಬಳ, ಉಳಿತಾಯ, ಠೇವಣಿ ಎಲ್ಲವನ್ನೂ ಶಾಖೆಯೇ ಇಲ್ಲದ, ಬರೀ ಆ್ಯಪ್‌ನಲ್ಲಿರುವ ಬ್ಯಾಂಕಿಗೆ ಹಾಕಿ’ ಎಂದರೆ ಹಿಂದೆ ಸರಿಯುತ್ತಾರೆ. ಎಲ್ಲ ಸರಿಯಿರುವ ದಿನ ಆ್ಯಪ್ ಸಾಕು, ಕೆಟ್ಟ ದಿನಕ್ಕೆ ಯಾರು ಎಂಬುದು ಅವರ ಪ್ರಶ್ನೆ. ಕಳೆದ ಕೆಲವು ವರ್ಷಗಳ ಇತಿಹಾಸ ನೋಡಿದರೆ ಆ ಪ್ರಶ್ನೆಗೆ ಬಲವಾದ ಆಧಾರವಿದೆ.

ಮೊದಲನೆಯದಾಗಿ, ಬರೀ ಆ್ಯಪ್‌ನಲ್ಲೇ ನಡೆಯುವ ಬ್ಯಾಂಕಿಗೆಂದೇ ನಮ್ಮಲ್ಲಿ ಪ್ರತ್ಯೇಕ ಪರವಾನಗಿ ಇಲ್ಲ. ಅಂಥದ್ದೊಂದು ಬೇಕು ಎಂದು ನೀತಿ ಆಯೋಗ 2022ರ ಜುಲೈನಲ್ಲಿ ವರದಿ ಕೊಟ್ಟಿತು. ರಿಸರ್ವ್ ಬ್ಯಾಂಕ್ ಆ ದಾರಿ ಹಿಡಿಯಲಿಲ್ಲ. ಹಾಗಾಗಿ ಇಲ್ಲಿ ‘ಡಿಜಿಟಲ್ ಬ್ಯಾಂಕ್’ ಎಂದು ಕಾಣುವುದರಲ್ಲಿ ಎರಡು ಜಾತಿ. 2016ರಲ್ಲಿ ಬಂದ ಡಿಬಿಎಸ್‌ನ ಡಿಜಿಬ್ಯಾಂಕ್, 2017ರ ಕೋಟಕ್ 811 ಇವು ಪರವಾನಗಿ ಇರುವ ಬ್ಯಾಂಕುಗಳೇ ತೆರೆದ ಆ್ಯಪ್‌ಗಳು. ಫಿ, ಜುಪಿಟರ್‌ನಂಥವು ಬ್ಯಾಂಕುಗಳಲ್ಲ. ಅವು ತೆರೆಸಿದ ಉಳಿತಾಯ ಖಾತೆಗಳು ಇದ್ದದ್ದು ಫೆಡರಲ್ ಬ್ಯಾಂಕಿನಲ್ಲಿ. ಪರದೆಯ ಮೇಲೆ ಒಂದು ಹೆಸರು, ದುಡ್ಡು ಇರುವಲ್ಲಿ ಇನ್ನೊಂದು ಹೆಸರು. ಐದು ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಅನ್ವಯವಾಗುವುದು ಬ್ಯಾಂಕಿಗೆ, ಆ್ಯಪ್ ಕಂಪನಿಗೆ ಅಲ್ಲ. ಇದು ಗೊತ್ತಿಲ್ಲದೆ ಖಾತೆ ತೆರೆದವರು ಬಹಳ ಮಂದಿ.

ಈ ನಡುವಿನ ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಕಂಡಿದೆ. ಅಲ್ಲಿ ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ಮಧ್ಯೆ ಲೆಕ್ಕ ಇಡುತ್ತಿದ್ದ ಸಿನಾಪ್ಸ್ ಎಂಬ ಕಂಪನಿ 2024ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಯಾರ ದುಡ್ಡು ಯಾವ ಬ್ಯಾಂಕಿನಲ್ಲಿದೆ ಎಂಬ ಲೆಕ್ಕವೇ ತಾಳೆಯಾಗಲಿಲ್ಲ. ನ್ಯಾಯಾಲಯ ನೇಮಿಸಿದ ಟ್ರಸ್ಟಿ ಅಂದಾಜಿಸಿದ ಕೊರತೆ 6.5 ಕೋಟಿಯಿಂದ 9.6 ಕೋಟಿ ಡಾಲರ್. ಬ್ಯಾಂಕ್ ಮುಳುಗಿರಲಿಲ್ಲವಾದ್ದರಿಂದ ಠೇವಣಿ ವಿಮೆಯೂ ನೆರವಿಗೆ ಬರಲಿಲ್ಲ. ಆ್ಯಪ್ ತೆರೆದರೆ ಬಾಕಿ ಮೊತ್ತ ಕಾಣುತ್ತಿತ್ತು, ತೆಗೆಯಲು ಆಗುತ್ತಿರಲಿಲ್ಲ.

ನಮ್ಮ ನೆನಪುಗಳು ಇದಕ್ಕಿಂತ ಹತ್ತಿರದವು. 2020ರ ಮಾರ್ಚ್ 5ರ ರಾತ್ರಿ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಬಿತ್ತು. ತೆಗೆಯಬಹುದಾದ ಮಿತಿ 50,000 ರೂಪಾಯಿ. ಆ ಬ್ಯಾಂಕಿನ ಬೆನ್ನ ಮೇಲೆ ನಡೆಯುತ್ತಿದ್ದ ಫೋನ್‌ಪೇ ಕೂಡ ನಿಂತುಹೋಯಿತು. ಯೆಸ್ ಬ್ಯಾಂಕಿನಲ್ಲಿ ಒಂದು ಪೈಸೆ ಇಡದವರಿಗೂ ತಮ್ಮ ಆ್ಯಪ್ ಯಾರ ಆಸರೆಯಲ್ಲಿ ನಿಂತಿದೆ ಎಂದು ತಿಳಿದದ್ದು ಆವತ್ತು. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಸರದಿ. ಮಾರ್ಚ್ 15ರ ನಂತರ ಹೊಸದಾಗಿ ದುಡ್ಡು ಹಾಕುವಂತಿಲ್ಲ ಎಂದಾಗ ಸಂಬಳವನ್ನು ಅದಕ್ಕೇ ಹಾಕಿಸಿಕೊಳ್ಳುತ್ತಿದ್ದವರು, ಫಾಸ್ಟ್ಯಾಗ್ ಅಂಟಿಸಿಕೊಂಡವರು ಬೇರೆ ಬ್ಯಾಂಕ್ ಹುಡುಕಿಕೊಂಡು ಓಡಾಡಿದರು. ದೊಡ್ಡ ಬ್ಯಾಂಕುಗಳೂ ಇದಕ್ಕೆ ಹೊರತಲ್ಲ. 2020ರ ಡಿಸೆಂಬರ್‌ನಲ್ಲಿ ಎಚ್‌ಡಿಎಫ್‌ಸಿ, 2023ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದ ‘ಬಾಬ್ ವರ್ಲ್ಡ್’, 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರ, ಹೀಗೆ ಒಂದಾದ ಮೇಲೊಂದರ ಡಿಜಿಟಲ್ ವ್ಯವಹಾರದ ಮೇಲೆ ರಿಸರ್ವ್ ಬ್ಯಾಂಕ್ ಬೇರೆ ಬೇರೆ ಬಗೆಯ ತಡೆ ಹಾಕಿತು. ಈ ಮೂರು ಬ್ಯಾಂಕುಗಳ ಮೇಲಿನ ತಡೆ ಆಮೇಲೆ ತೆರವಾಯಿತು. ಆದರೆ ಓದಿದವರ ಮನಸ್ಸಿನಲ್ಲಿ ಸುದ್ದಿ ಉಳಿಯಿತು.

ಶಾಖೆ ಇದ್ದ ಮಾತ್ರಕ್ಕೆ ಬ್ಯಾಂಕ್ ಮುಳುಗುವುದಿಲ್ಲವೇ? ಖಂಡಿತ ಮುಳುಗುತ್ತದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ನಿವೃತ್ತಿಯ ಗಂಟನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರಿಗೆ ಮೊದಲು ಸಿಕ್ಕ ಅವಕಾಶ 35,000 ರೂಪಾಯಿ ಮಾತ್ರ. ಬಸವನಗುಡಿಯ ಆ ಕಟ್ಟಡ ಅವರ ದುಡ್ಡನ್ನು ಕಾಯಲಿಲ್ಲ. ಆದರೆ ಅವರಿಗೆ ಹೋಗಿ ನಿಲ್ಲುವುದಕ್ಕೊಂದು ಜಾಗವಿತ್ತು. ಬಸವನಗುಡಿಯಲ್ಲೇ ಠೇವಣಿದಾರರು ನೂರಾರು ಸಂಖ್ಯೆಯಲ್ಲಿ ಸೇರಿದರು, ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯಿತು, ಜನಪ್ರತಿನಿಧಿಗಳು ಬಂದು ಉತ್ತರ ಹೇಳಬೇಕಾಯಿತು. ಆ್ಯಪ್‌ನ ಗ್ರಾಹಕನಿಗೆ ಪಕ್ಕದ ಗ್ರಾಹಕ ಯಾರೆಂದೇ ಗೊತ್ತಿಲ್ಲ. ಹಿಂಜರಿಕೆಯ ಅತಿ ಆಳದ ಕಾರಣ ಇದೇ ಇರಬೇಕು ಎಂದು ನನಗೆ ಅನಿಸುತ್ತದೆ.

ಬ್ಯಾಂಕ್ ಮುಳುಗುವುದು ದೊಡ್ಡ ಮಾತಾಯಿತು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಜೇಬಿನ ಫೋನ್ ಹೋಯಿತು ಎಂದಿಟ್ಟುಕೊಳ್ಳಿ. ಬ್ಯಾಂಕಿನ ಆ್ಯಪ್ ಕೆಲಸ ಮಾಡುವುದು ನೋಂದಾಯಿತ ಸಿಮ್ ಇರುವ ಫೋನಿನಲ್ಲಿ. ಆ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಟ ಮೇಲೇ ಅದು ತೆರೆದುಕೊಳ್ಳುವುದು. ಹೊಸ ಸಿಮ್ ತಂದರೂ ವಂಚನೆ ತಡೆಯಲೆಂದು ಮಾಡಿದ ನಿಯಮದ ಪ್ರಕಾರ ಮೊದಲ 24 ಗಂಟೆ ಎಸ್ಸೆಮ್ಮೆಸ್ ನಡೆಯದು. ಓಟಿಪಿ ಬಾರದು, ಆ್ಯಪ್ ತೆರೆಯದು. ನಿಯಮ ಒಳ್ಳೆಯದೇ, ನಮ್ಮ ರಕ್ಷಣೆಗೇ ಇರುವಂಥದ್ದು. ಆದರೆ ಆ ಒಂದು ದಿನ ಆಸ್ಪತ್ರೆಗೆ ಕಟ್ಟಬೇಕಾದ ದುಡ್ಡು ಎಲ್ಲಿಂದ ತರುವುದು? ಶಾಖೆಯಿದ್ದರೆ ಚೆಕ್ಕಿಗೋ ವಿತ್‌ಡ್ರಾವಲ್ ಚೀಟಿಗೋ ಸಹಿ ಹಾಕಿ, ಗುರುತಿನ ಚೀಟಿ ತೋರಿಸಿ, ನಗದು ಎಣಿಸಿಕೊಂಡು ಬರಬಹುದು. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೈಕೊಟ್ಟಾಗ ಹೋಟೆಲ್ ಬಿಲ್ ಮುಂದೆ ಕೂತು ಪರದಾಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಫೋನ್ ನಂಬರ್ ಬೀಗದ ಕೈಯಾದಾಗ ಆ ನಂಬರ್ ಯಾರದ್ದು ಎಂಬುದೂ ಮುಖ್ಯವಾಗುತ್ತದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಖಾತೆ ಅಮ್ಮನದು, ನಂಬರ್ ಮಗನದು. ಓಟಿಪಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಎಟಿಎಂ ಕಾರ್ಡ್ ಇಲ್ಲದ ಅಮ್ಮ ತನ್ನ ದುಡ್ಡನ್ನು ತಾನೇ ತೆಗೆಯಬೇಕೆಂದರೆ ದಾರಿ ಎರಡೇ: ಶಾಖೆ, ಇಲ್ಲವೇ ಊರಿನ ಬ್ಯಾಂಕ್ ಮಿತ್ರರ ಹೆಬ್ಬೆಟ್ಟಿನ ಯಂತ್ರ. ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದ ಹೆಬ್ಬೆಟ್ಟನ್ನು ಆ ಯಂತ್ರವೂ ಕೆಲವೊಮ್ಮೆ ಒಪ್ಪುವುದಿಲ್ಲ. ಆಗ ಉಳಿಯುವುದು ಶಾಖೆಯೊಂದೇ. ದೂರದ ಮಕ್ಕಳ ಪಾಡು ಬೇರೆ ಬಗೆಯದು. ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುವ ಕನ್ನಡಿಗರು ಊರಿನ ಖಾತೆಗಾಗಿಯೇ ಇಲ್ಲಿಯ ಸಿಮ್‌ಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಿರುತ್ತಾರೆ. ಬಳಕೆಯಿಲ್ಲದೆ 90 ದಿನ ಕಳೆದರೆ ನಂಬರ್ ಹೋಗಬಹುದು, ಮುಂದೆ ಇನ್ಯಾರದ್ದೋ ಕೈ ಸೇರಬಹುದು. ವಿಡಿಯೊ ಕೆವೈಸಿ ಮಾಡಿಸೋಣವೆಂದರೆ, ಗ್ರಾಹಕ ಆ ಹೊತ್ತಿನಲ್ಲಿ ಭಾರತದ ನೆಲದಲ್ಲೇ ಇರಬೇಕು ಎಂಬ ನಿಯಮವಿದೆ. ಇನ್ನು, ಎದುರಾಬದುರು ಕೂರದೆ ಆಧಾರ್ ಓಟಿಪಿ ಒಂದರಿಂದಲೇ ತೆರೆದ ಖಾತೆಗೆ ಬಾಕಿಯ ಮಿತಿ ಒಂದು ಲಕ್ಷ. ವರ್ಷದೊಳಗೆ ಪೂರ್ಣ ಪರಿಶೀಲನೆ ಆಗದಿದ್ದರೆ ಆ ಖಾತೆ ಮುಚ್ಚಬೇಕು. ಎರಡು ನಿಮಿಷದಲ್ಲಿ ಖಾತೆ ಎಂಬ ಜಾಹೀರಾತು ಈ ಮಾತನ್ನು ದೊಡ್ಡಕ್ಷರದಲ್ಲಿ ಹೇಳುವುದಿಲ್ಲ.

ಆ ಪರಿಶೀಲನೆಯ ಬಾಗಿಲಲ್ಲೇ ಹೊರಗುಳಿದವರೂ ಇದ್ದಾರೆ. ನೀವು ಜೀವಂತ ಇದ್ದೀರಿ ಎಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾ ಮುಂದೆ ‘ಕಣ್ಣು ಮಿಟುಕಿಸಿ’ ಎನ್ನುತ್ತಾರೆ. ಆಸಿಡ್ ದಾಳಿಯಲ್ಲಿ ರೆಪ್ಪೆ ಸುಟ್ಟುಹೋದ ಹೆಣ್ಣುಮಗಳು ಹೇಗೆ ಮಿಟುಕಿಸಬೇಕು? ಅಂಥ ಸಂತ್ರಸ್ತೆಯರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ದೃಷ್ಟಿದೋಷವಿರುವವರ ಅರ್ಜಿಯನ್ನೂ ಜೊತೆಗೆ ಕೇಳಿದ ನ್ಯಾಯಾಲಯ 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ತೀರ್ಪು ಬಂದದ್ದು ಸಂತೋಷ. ಅಷ್ಟು ಸರಳ ಮಾತಿಗೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತಲ್ಲ ಎಂಬ ನೋವು ಉಳಿದೇ ಇದೆ.

ವಂಚನೆಯ ಭಯವಂತೂ ಮನೆಮನೆಯದು. ಅನುಮತಿಯಿಲ್ಲದೆ ದುಡ್ಡು ಹೋದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ, ಮೂರನೆಯವರಿಂದ ಆದ ಮೋಸದಲ್ಲಿ ನಷ್ಟ ಬೀಳಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊಣೆಯನ್ನೂ ಬ್ಯಾಂಕಿನ ಮೇಲೆ ಹೊರಿಸಿತು. ಕಷ್ಟ ಇರುವುದು, ಗ್ರಾಹಕನೇ ನಂಬಿ ಓಟಿಪಿ ಹೇಳಿದಾಗ, ಪೊಲೀಸ್ ವೇಷದವನ ಬೆದರಿಕೆಗೆ ಹೆದರಿ ತಾನೇ ದುಡ್ಡು ಕಳಿಸಿದಾಗ. ‘ಡಿಜಿಟಲ್ ಅರೆಸ್ಟ್’ ಹೆಸರಿನ ಈ ಮೋಸಕ್ಕೆ ಸಿಲುಕಿದವರಲ್ಲಿ ಓದಿದವರೇ ಹೆಚ್ಚಾಗಿ ಸುದ್ದಿಯಲ್ಲಿದ್ದಾರೆ. 2024ರಲ್ಲಿ ಹೈದರಾಬಾದಿನ ಹಿರಿಯರೊಬ್ಬರು ಹೀಗೇ ಹೆದರಿ ಠೇವಣಿ ಮುರಿಸಲು ಶಾಖೆಗೆ ಬಂದಾಗ ಸಿಬ್ಬಂದಿಗೆ ಅನುಮಾನ ಬಂತು. ಕೂರಿಸಿ ವಿಚಾರಿಸಿದರು, ತಡೆದರು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದರು. 13 ಲಕ್ಷ ರೂಪಾಯಿ ಉಳಿಯಿತು. ಆ್ಯಪ್ ಆಗಿದ್ದರೆ ಪಿನ್ ಸರಿಯಿದೆ ಎಂದು ಕಳಿಸಿಬಿಡುತ್ತಿತ್ತು. ಮುಖ ನೋಡಿ ‘ಯಾಕೆ ಸಾರ್, ಇಷ್ಟು ಅವಸರ?’ ಎಂದು ಕೇಳುವವರು ಒಬ್ಬರಿರುವುದು ಎಷ್ಟು ದೊಡ್ಡ ಭದ್ರತೆ!

ಬ್ಯಾಂಕ್ ಎಂದರೆ ಮುಖಪರಿಚಯ ಎಂಬ ನಂಬಿಕೆಗೆ ಕರ್ನಾಟಕದಲ್ಲಿ ಬೇರು ಆಳವಾಗಿದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ಸಹಕಾರ ಸಂಘಗಳ ಪಿಗ್ಮಿ ಏಜೆಂಟರು ಇಂದಿಗೂ ಸಂಜೆ ಹೊತ್ತು ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಅಂಗೈಯಗಲದ ಯಂತ್ರದಲ್ಲಿ ಮೊತ್ತ ಒತ್ತಿ ಚೀಟಿ ಹರಿದು ಕೊಡುತ್ತಾರೆ. ಅಂಗಡಿಯವರು ಅದನ್ನು ಗಲ್ಲಾಪೆಟ್ಟಿಗೆಯ ಮೂಲೆಗೆ ಹಾಕುತ್ತಾರೆ. ಅದೇ ಅಂಗಡಿಯ ಎದುರು ಕ್ಯೂಆರ್ ಫಲಕವೂ ಇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಆ ಫಲಕಗಳು ಎಷ್ಟೋ ಕಡೆ ಒಳಗೆ ಹೋದವು, ‘ಕ್ಯಾಶ್ ಮಾತ್ರ’ ಎಂಬ ಕಾಗದ ಹೊರಗೆ ಬಂತು. ಪಿಗ್ಮಿ ಮಾತ್ರ ನಿಲ್ಲಲಿಲ್ಲ.

ಹಾಗೆಂದು ಶಾಖೆಯನ್ನು ಹೊಗಳಿ ಕೂರುವಂತೆಯೂ ಇಲ್ಲ. ‘ಸರ್ವರ್ ಡೌನ್’, ‘ಊಟದ ನಂತರ ಬನ್ನಿ’ ಎಂಬ ಮಾತು ಕೇಳದ ಗ್ರಾಹಕರಿಲ್ಲ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸರ್ಕಾರಿ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಕನ್ನಡ ಮಾತಾಡುವುದಿಲ್ಲ ಎಂದದ್ದು ರಾಜ್ಯವನ್ನೇ ಕೆರಳಿಸಿತು, ಕೊನೆಗೆ ವರ್ಗಾವಣೆಯಾಯಿತು. ಭಾಷೆ ಬಾರದ ಕೌಂಟರಿಗಿಂತ ಕನ್ನಡದ ಆಯ್ಕೆ ಇರುವ ಆ್ಯಪ್ ಎಷ್ಟೋ ವಾಸಿ. 2017ರಿಂದ 2020ರ ನಡುವೆ ಮೈಸೂರು ಬ್ಯಾಂಕ್, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ಲೀನವಾದ ಮೇಲೆ ಪರಿಚಯದ ಗುಮಾಸ್ತರೂ ಅಪರೂಪವಾದರು. ಶಾಖೆಯಲ್ಲಿ ಕನ್ನಡ ಬಲ್ಲ ಮನುಷ್ಯ ಇಲ್ಲವೆಂದಾದರೆ ಅದು ಕಟ್ಟಡ ಮಾತ್ರ. ಬ್ಯಾಂಕುಗಳು ಇದನ್ನು ಸರಿಪಡಿಸಲೇಬೇಕು.

ಯುವಕರು ಸದ್ದಿಲ್ಲದೆ ಒಂದು ನಡುದಾರಿ ಕಂಡುಕೊಂಡಿದ್ದಾರೆ. ಸಂಬಳ, ಠೇವಣಿ ಅಪ್ಪನ ಕಾಲದ ಬ್ಯಾಂಕಿನಲ್ಲಿ. ಯುಪಿಐಗೆ ಜೋಡಿಸಿದ್ದು ಬೇರೊಂದು ಖಾತೆ, ಅದರಲ್ಲಿ ವಾರದ ಖರ್ಚಿನಷ್ಟೇ ದುಡ್ಡು. ಮೋಸ ಹೋದರೂ ಹೋಗುವುದು ಅಷ್ಟೇ. ಇದು ಜಾಣತನದ ಏರ್ಪಾಡು, ಹಿರಿಯರಿಗೂ ಕಲಿಸಿಕೊಡುವಂಥದ್ದು. ಚಿನ್ನ ಅಡವಿಡಲು, ಬೆಳೆ ಸಾಲದ ಕಾಗದಕ್ಕೆ, ಲಾಕರಿಗೆ ಹೇಗೂ ಶಾಖೆಗೇ ಹೋಗಬೇಕು.

ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಕಾರಣವೂ ಒಂದಿದೆ. ಖಾತೆದಾರರು ತೀರಿಕೊಂಡರೆ? ಟ್ರಂಕಿನಲ್ಲಿ ಪಾಸ್‌ಬುಕ್ ಸಿಕ್ಕರೆ ಯಾವ ಬ್ಯಾಂಕ್, ಯಾವ ಶಾಖೆ ಎಂದು ಹೆಂಡತಿ ಮಕ್ಕಳಿಗೆ ತಿಳಿಯುತ್ತದೆ. ಲಾಕ್ ಆದ ಫೋನಿನೊಳಗಿನ ಖಾತೆ ಇದೆಯೆಂಬುದೇ ತಿಳಿಯುವುದಿಲ್ಲ. ವಾರಸುದಾರರಿಲ್ಲದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಪೋರ್ಟಲ್ ತೆರೆಯಿತಾದರೂ ಅಲ್ಲಿ ಕಾಣುವುದು ಹತ್ತು ವರ್ಷ ಯಾರೂ ಮುಟ್ಟದೆ ಉಳಿದ ದುಡ್ಡು. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಹಾಕಿದ ಮೇಲೆ ಆ ನಾಲ್ವರಿಗೂ ಹೇಳಿಡಬೇಕು.

ಜನ ಪೂರ್ತಿಯಾಗಿ ಆ್ಯಪ್‌ಗೆ ಬರಬೇಕೆಂದು ಬ್ಯಾಂಕುಗಳಿಗೆ ನಿಜಕ್ಕೂ ಆಸೆಯಿದ್ದರೆ ಕ್ಯಾಶ್‌ಬ್ಯಾಕ್ ಬೇಡ. ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡುವ ಮನುಷ್ಯ ಸಿಗಲಿ. ದೂರು ಕೊಟ್ಟ ಕ್ಷಣವೇ ಸಮಯ ನಮೂದಾದ ದೂರಿನ ಸಂಖ್ಯೆ ಕೈಗೆ ಬರಲಿ, ಮೂರು ದಿನದ ಗಡುವಿಗೆ ಅದೇ ಸಾಕ್ಷಿ. ಜಿಲ್ಲೆಗೊಂದಾದರೂ ಹೋಗಿ ಕೂರಬಹುದಾದ ವಿಳಾಸ ಇರಲಿ. ಇದು ಆಗದ ಮಾತೇನಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿಗೂ ಆ್ಯಪ್ ಇದೆ. ಖಾತೆಯ ಮಿತಿ ಎರಡು ಲಕ್ಷ, ಸಾಲ ಕೊಡುವಂತಿಲ್ಲ. ಆದರೆ ಆ್ಯಪ್ ಅರ್ಥವಾಗದವರ ಮನೆಗೆ ಊರಿನ ಪೋಸ್ಟ್‌ಮ್ಯಾನ್ ಯಂತ್ರ ಹಿಡಿದು ಬರುತ್ತಾರೆ, ಜಗಲಿಯಲ್ಲೇ ನಗದು ಎಣಿಸಿ ಕೊಡುತ್ತಾರೆ, ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನೂ ಅಲ್ಲಿಯೇ ಮಾಡಿಕೊಡುತ್ತಾರೆ.