ಒಂಬತ್ತರಲ್ಲಿ ಎಷ್ಟು ಮಂದಿ ಇದ್ದರು?

ಎಸ್‌ಎಸ್‌ಸಿ (ಮಹಾರಾಷ್ಟ್ರದ ಹತ್ತನೇ ತರಗತಿ) ಫಲಿತಾಂಶ ಬಂದ ವಾರ ಡೊಂಬಿವಲಿ, ಕಲ್ಯಾಣ್, ಥಾಣೆಯ ಬೀದಿಗಳಲ್ಲಿ ಶಾಲೆಗಳ ಬ್ಯಾನರ್‌ಗಳು ಏಳುತ್ತವೆ. ನಡುವೆ ದಪ್ಪಕ್ಷರದಲ್ಲಿ ‘ಶೇ. 100 ಫಲಿತಾಂಶ’, ಸುತ್ತ ಮೊದಲ ಸ್ಥಾನಗಳ ಮಕ್ಕಳ ಫೋಟೊ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಉತ್ತರಿಸುವ ಪ್ರಶ್ನೆ ತೀರ ಸಣ್ಣದು: ಪರೀಕ್ಷೆಗೆ ಕೂತವರಲ್ಲಿ ಎಷ್ಟು ಮಂದಿ ಪಾಸಾದರು? 2025ರ ಮೇ 13ರಂದು ಬಂದ ಫಲಿತಾಂಶದಲ್ಲಿ ಇಡೀ ಮಹಾರಾಷ್ಟ್ರದ ಪ್ರಮಾಣ ಶೇ. 94.10. ಥಾಣೆ, ರಾಯಗಡ, ಪಾಲ್ಘರ್ ಜಿಲ್ಲೆಗಳೂ ಸೇರಿದ ಮುಂಬಯಿ ವಿಭಾಗದ್ದು ಶೇ. 95.84. ಹೆಚ್ಚುಕಡಿಮೆ ಎಲ್ಲರೂ ದಾಟುವ ಗೆರೆಯನ್ನೇ ಗುರಿ ಮಾಡಿಕೊಂಡ ಶಾಲೆಗೆ ತನ್ನ ಬಗ್ಗೆ ತಿಳಿಯುವುದು ಏನೂ ಇರುವುದಿಲ್ಲ. ಪಾಸಾದ ಅದೇ ಮಕ್ಕಳಲ್ಲಿ ಒಂದಷ್ಟು ಮಂದಿ ಮೂರನೇ ವರ್ಷಕ್ಕೆ ಎಫ್‌ವೈಬಿಕಾಂನಲ್ಲಿ (ಬಿಕಾಂ ಮೊದಲ ವರ್ಷ) ಎರಡು ಮೂರು ಕೆಟಿ (ಪಾಸಾಗದೆ ಬಾಕಿ ಉಳಿದ ವಿಷಯ) ಉಳಿಸಿಕೊಂಡು ಒದ್ದಾಡುತ್ತಿರುತ್ತಾರೆ. ಆ ಲೆಕ್ಕ ಯಾವ ಬ್ಯಾನರಿಗೂ ಏರುವುದಿಲ್ಲ.

ಕಾಲೇಜಿಗೆ ಮಕ್ಕಳನ್ನು ಅಣಿಗೊಳಿಸುವ ಗುರಿಯನ್ನು ಹಾಕಿಕೊಳ್ಳಬೇಕಾದವರು ಯಾರು? ಅಮೆರಿಕದಲ್ಲಿ ಬಹುತೇಕ ಕಡೆ ಊರಿನವರೇ ಆರಿಸಿದ ಶಾಲಾ ಮಂಡಳಿ ಈ ಕೆಲಸ ಮಾಡುತ್ತದೆ. ನಮ್ಮಲ್ಲಿ ಜವಾಬ್ದಾರಿ ಹಂಚಿಹೋಗಿದೆ. ಪರೀಕ್ಷೆ ವಾಶಿಯ ವಿಭಾಗೀಯ ಮಂಡಳಿಯದು, ಪಾಲಿಕೆ ಶಾಲೆಗಳು ಮಹಾನಗರ ಪಾಲಿಕೆಯ ಶಿಕ್ಷಣ ವಿಭಾಗದ್ದು, ಖಾಸಗಿ ಶಾಲೆಗಳು ಆಯಾ ಸಂಸ್ಥೆಯ ಆಡಳಿತ ಮಂಡಳಿಯದು. 2009ರ ಶಿಕ್ಷಣ ಹಕ್ಕು ಕಾಯ್ದೆ ಸರಕಾರಿ ಮತ್ತು ಪಾಲಿಕೆ ಶಾಲೆಗಳಲ್ಲಿ ಮುಕ್ಕಾಲು ಪಾಲು ಪಾಲಕರೇ ಇರುವ ಶಾಲಾ ವ್ಯವಸ್ಥಾಪನ ಸಮಿತಿಯನ್ನು ಕೇಳುತ್ತದೆ, ಅದರಿಂದ ಶಾಲಾ ಅಭಿವೃದ್ಧಿ ಯೋಜನೆಯನ್ನೂ ಬರೆಸುತ್ತದೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಡ್ಡಾಯವಿಲ್ಲ. ಮಹಾರಾಷ್ಟ್ರದಲ್ಲಿ ಕನ್ನಡಿಗರು ನಡೆಸುವ ಹಲವು ಶಾಲೆಗಳು ಈ ಗುಂಪಿನವು. ಅಂದರೆ ಗುರಿ ಬರೆಯಿರಿ ಎಂದು ಯಾರೂ ಬಾಗಿಲು ತಟ್ಟುವುದಿಲ್ಲ. ಕಾರ್ಯಕಾರಿ ಸಮಿತಿಯವರಿಗೇ ಅನ್ನಿಸಬೇಕು.

ಹಾಗೆ ಅನ್ನಿಸಿದ ಸಮಿತಿ ಮೊದಲು ತೆರೆಯಬೇಕಾದ್ದು ಕಂಪ್ಯೂಟರನ್ನಲ್ಲ, ಜನರಲ್ ರಿಜಿಸ್ಟರನ್ನು. ಪ್ರತಿ ಮಗುವಿಗೂ ಜಿ.ಆರ್. ನಂಬರ್ ಇರುತ್ತದೆ. ಯಾವ ವರ್ಷ ಸೇರಿತು, ಯಾವಾಗ ಎಲ್‌ಸಿ (ಶಾಲೆ ಬಿಟ್ಟ ಪ್ರಮಾಣಪತ್ರ) ತೆಗೆದುಕೊಂಡು ಹೋಯಿತು ಎಂಬುದೆಲ್ಲ ಅಲ್ಲಿದೆ. ಒಂದು ಕಲ್ಪಿತ ಶಾಲೆಯನ್ನು ಇಟ್ಟುಕೊಳ್ಳೋಣ. ಜೂನ್‌ನಲ್ಲಿ ಒಂಬತ್ತನೇ ತರಗತಿಯಲ್ಲಿ 62 ಮಕ್ಕಳು. ಮರುವರ್ಷ ಆ ತಂಡದಿಂದ ಎಸ್‌ಎಸ್‌ಸಿಗೆ ಕೂತವರು 55, ಪಾಸಾದವರು 55. ಬ್ಯಾನರಿನಲ್ಲಿ ನೂರಕ್ಕೆ ನೂರು. ರಿಜಿಸ್ಟರಿನಲ್ಲಿ ಮಾತ್ರ ಏಳು ಮಂದಿ ಕಡಿಮೆ. ಮೂವರ ಮನೆಯವರು ಬದ್ಲಾಪುರಕ್ಕೋ ಪನ್ವೇಲಿಗೋ ಮನೆ ಬದಲಿಸಿದರು, ಮಕ್ಕಳು ಅಲ್ಲಿನ ಶಾಲೆಗೆ ಸೇರಿದರು. ಅವರನ್ನು ಲೆಕ್ಕದಿಂದ ತೆಗೆಯುವುದು ನ್ಯಾಯ. ಇಬ್ಬರು ಒಂಬತ್ತರಲ್ಲೇ ಉಳಿದರು. ಇನ್ನಿಬ್ಬರಿಗೆ ‘ನಿಮ್ಮ ಹುಡುಗ 17 ನಂಬರ್ ಫಾರ್ಮ್ ತುಂಬಲಿ’ ಎಂಬ ಸಲಹೆ ಸಿಕ್ಕಿತು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವ ದಾರಿ ಅದು. ಕೆಲಸಕ್ಕೆ ಸೇರಿ ಓದು ಬಿಟ್ಟವರಿಗೆ ವರದಾನವಾದ ಈ ಫಾರ್ಮನ್ನು ಶಾಲೆಯ ಶೇಕಡಾವಾರು ಕೆಡದಂತೆ ದುರ್ಬಲ ಮಕ್ಕಳನ್ನು ಹೊರಗಿಡಲು ಬಳಸುವುದು ಮಹಾರಾಷ್ಟ್ರದಲ್ಲಿ ಹಳೆಯ ದೂರು. ವರ್ಗವಾದವರನ್ನು ಬಿಟ್ಟರೆ 59ರಲ್ಲಿ 55, ಅಂದರೆ ಶೇ. 93. ಇದು ಪ್ರಾಮಾಣಿಕ ಸಂಖ್ಯೆ. ಗುರಿ ಇಲ್ಲಿಂದ ಶುರುವಾಗಬೇಕು.

ಛೇದ ಸರಿಯಾದ ಮೇಲೆ ಅಂಶದ ಕಡೆ ಬರೋಣ. ‘ಪಾಸು’ ಎಂಬುದರ ಒಳಗೇನಿದೆ? ಎಸ್‌ಎಸ್‌ಸಿಯಲ್ಲಿ ಪ್ರತಿ ಪ್ರಮುಖ ವಿಷಯದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಯವು, 20 ಶಾಲೆಯೇ ಕೊಡುವ ಆಂತರಿಕ ಅಂಕಗಳು. ಗಣಿತದಲ್ಲಿ 45 ಬಂದ ಹುಡುಗಿಗೆ ಶಾಲೆ 19 ಕೊಟ್ಟಿದ್ದರೆ ಅವಳು ಬರೆದು ಗಳಿಸಿದ್ದು 80ಕ್ಕೆ 26. ಅದೂ ಸಾಲದೆಂಬಂತೆ ಶೇಕಡಾವಾರು ಲೆಕ್ಕ ಹಾಕುವಾಗ ಆರು ವಿಷಯಗಳಲ್ಲಿ ಉತ್ತಮವಾದ ಐದನ್ನೇ ಹಿಡಿಯುತ್ತಾರೆ. 2010ರಿಂದ ಬಂದ ‘ಬೆಸ್ಟ್ ಆಫ್ ಫೈವ್’ ಇದು. ಅವಳ ಗಣಿತ ಪಕ್ಕಕ್ಕೆ ಸರಿದು ಒಟ್ಟು ಶೇಕಡಾ 78 ಎಂದು ಕಾಣಬಹುದು. ಆ 78 ನೋಡಿ ಮನೆಯವರು ಸೈನ್ಸ್ ಕೊಡಿಸುತ್ತಾರೆ. ಎರಡು ವರ್ಷ ಕಳೆದು ಎಂಜಿನಿಯರಿಂಗ್ ಪ್ರವೇಶಕ್ಕೆ ಅವಳು ಕೂರುವ ಎಂಎಚ್‌ಟಿ-ಸಿಇಟಿಯಲ್ಲಿ ಗಣಿತದ ಒಂದು ಪ್ರಶ್ನೆಗೆ 2 ಅಂಕ, ಫಿಸಿಕ್ಸ್, ಕೆಮಿಸ್ಟ್ರಿಯ ಪ್ರಶ್ನೆಗೆ 1. ಹತ್ತರಲ್ಲಿ ಮರೆಯಾದ ವಿಷಯವೇ ಅಲ್ಲಿ ಎರಡು ಪಟ್ಟು ತೂಗುತ್ತದೆ. ಹಾಗಾಗಿ ಸಮಿತಿ ಕೇಳಬೇಕಾದ ಪಟ್ಟಿ ಒಟ್ಟು ಶೇಕಡಾವಾರಿನದ್ದಲ್ಲ. ವಿಷಯವಾರು ಅಂಕದಿಂದ ಆಂತರಿಕ ಅಂಕ ಕಳೆದ ಪಟ್ಟಿ. ಎರಡೂ ಶಾಲೆಯ ದಾಖಲೆಯಲ್ಲೇ ಇವೆ. ಗುಮಾಸ್ತರು ಒಂದು ಮಧ್ಯಾಹ್ನ ಕೂತರೆ ಆಗುವ ಕೆಲಸ.

ಇನ್ನು ಮಕ್ಕಳು ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋದರು? ಈ ಮಾಹಿತಿಯೇ ಅತಿ ಬೆಲೆಬಾಳುವಂಥದ್ದು, ಅತಿ ಕಡಿಮೆ ಶಾಲೆಗಳ ಬಳಿ ಇರುವಂಥದ್ದು. ಮುಂಬಯಿ ಮಹಾನಗರ ಪ್ರದೇಶದಲ್ಲಿ ಹನ್ನೊಂದನೇ ತರಗತಿಯ ಪ್ರವೇಶ 2009ರಿಂದಲೇ ಆನ್‌ಲೈನ್, 2025ರಿಂದ ಇಡೀ ರಾಜ್ಯಕ್ಕೆ ಅದೇ ಪದ್ಧತಿ. ಪ್ರತಿ ಸುತ್ತಿನ ಕಟ್-ಆಫ್ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಕನ್ನಡ ಭಾಷಾ ಅಲ್ಪಸಂಖ್ಯಾತ ಮಾನ್ಯತೆಯುಳ್ಳ ಜೂನಿಯರ್ ಕಾಲೇಜಾದರೆ ಅರ್ಧದಷ್ಟು ಸೀಟು ಕನ್ನಡಿಗ ಮಕ್ಕಳಿಗೇ ಮೀಸಲು. ಆದ್ದರಿಂದ ಸೀಟು ಸಿಗಲಿಲ್ಲ ಎಂಬುದು ನಮ್ಮ ಮಕ್ಕಳ ದೊಡ್ಡ ತೊಡಕಲ್ಲ. ಸಿಕ್ಕ ಸೀಟಿನಲ್ಲಿ ನಿಂತರೇ ಎಂಬುದು ಪ್ರಶ್ನೆ. ಅದನ್ನು ಯಾವ ಪೋರ್ಟಲ್ಲೂ ಶಾಲೆಗೆ ತಿಳಿಸುವುದಿಲ್ಲ. ಇದಕ್ಕಿರುವ ಉಪಾಯ ಹಳೆಯದು, ಅಗ್ಗದ್ದು: ಹತ್ತನೇ ತರಗತಿಯ ಕ್ಲಾಸ್ ಟೀಚರ್ ವರ್ಷಕ್ಕೆರಡು ಬಾರಿ, ಆಗಸ್ಟಿನಲ್ಲಿ ಮತ್ತು ಹನ್ನೊಂದರ ಫಲಿತಾಂಶದ ಬಳಿಕ, ಪ್ರತಿ ಮನೆಗೂ ಫೋನ್ ಮಾಡುವುದು. ಯಾವ ಕಾಲೇಜು, ಯಾವ ಶಾಖೆ, ಮಗು ಈಗಲೂ ಹೋಗುತ್ತಿದೆಯೇ, ಯಾವ ವಿಷಯ ಕಷ್ಟ. ನಾಲ್ಕೇ ಪ್ರಶ್ನೆ. ಐಟಿಐ, ಡಿಪ್ಲೊಮಾಗೆ ಹೋದವರನ್ನು ‘ಕಾಲೇಜಿಗೆ ಹೋಗದವರು’ ಎಂದು ಬದಿಗಿಡಬಾರದು. ಆ ದಾರಿಗೂ ಗಣಿತ ಬೇಕು, ಇಂಗ್ಲಿಷಿನ ಓದು ಬೇಕು.

ಶಾಲೆ, ಕಾಲೇಜು ಎರಡನ್ನೂ ನಡೆಸುವ ಸಂಸ್ಥೆಗಳಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲ ಇದೆ. ಡೊಂಬಿವಲಿ ಕರ್ನಾಟಕ ಸಂಘವನ್ನೇ ನೋಡಿ, ಮಂಜುನಾಥ ವಿದ್ಯಾಲಯವೂ ಅದರದೇ, ಠಾಕುರ್ಲಿಯ ಮಂಜುನಾಥ ವಾಣಿಜ್ಯ ಕಾಲೇಜೂ ಅದರದೇ. ಅಂಥ ಸಂಸ್ಥೆಯ ಸಮಿತಿಯ ಮೇಜಿನ ಮೇಲೆ ಎಸ್‌ಎಸ್‌ಸಿಯ ಅಂಕಪಟ್ಟಿಯನ್ನೂ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನ ಫಲಿತಾಂಶವನ್ನೂ ಅಕ್ಕಪಕ್ಕ ಇಡಬಹುದು. ಹತ್ತರಲ್ಲಿ ಗಣಿತದ ಲಿಖಿತ ಅಂಕ 30ರ ಕೆಳಗಿದ್ದವರಲ್ಲಿ ಎಷ್ಟು ಮಂದಿಗೆ ಎಫ್‌ವೈಯಲ್ಲಿ ಕೆಟಿ ಬಿತ್ತು? 40 ದಾಟಿದವರಲ್ಲಿ ಎಷ್ಟು? ಮೂರು ತಂಡಗಳ ಲೆಕ್ಕ ಹೀಗೆ ಕೂಡಿದರೆ ಎಚ್ಚರಿಕೆಯ ಗೆರೆ ಎಲ್ಲಿದೆ ಎಂದು ಆ ಸಂಸ್ಥೆಗೆ ತನ್ನದೇ ಮಕ್ಕಳಿಂದ ಗೊತ್ತಾಗುತ್ತದೆ.

ಶಿಕಾಗೋದಲ್ಲಿ ನಡೆದದ್ದು ಸರಿಸುಮಾರು ಇದೇ. ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರಾದ ಎಲೇನ್ ಆಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಒಂದು ಸರಳ ಅಳತೆಯನ್ನು ಮುಂದಿಟ್ಟರು. ಒಂಬತ್ತನೇ ತರಗತಿ ಅಲ್ಲಿ ಹೈಸ್ಕೂಲಿನ ಮೊದಲ ವರ್ಷ. ಆ ವರ್ಷದಲ್ಲಿ ಮೇಲಿನ ತರಗತಿಗೆ ಬೇಕಾದಷ್ಟು ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿಗಿಂತ ಹೆಚ್ಚು ಫೇಲಾಗದ ಮಗು ‘ಹಳಿಯ ಮೇಲಿದೆ’ ಎಂದು ಲೆಕ್ಕ. ಅಂಥವರು ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ತಿಳಿಯಿತು. ಮೊದಲಿನ ಪರೀಕ್ಷೆಗಳ ಅಂಕಕ್ಕಿಂತ ಇದು ಚೆನ್ನಾಗಿ ಮುಂದಿನದನ್ನು ಹೇಳುತ್ತಿತ್ತು. ನಗರದ ಶಾಲೆಗಳು ಇದನ್ನೇ ಕಣ್ಣೆದುರು ಇಟ್ಟುಕೊಂಡು ಕೆಲಸ ಮಾಡಿದವು. ಅವರ ಗೆರೆಯನ್ನು ಎತ್ತಿ ಕಲ್ಯಾಣದಲ್ಲಿ ಎಳೆಯುವುದು ದಡ್ಡತನ, ಪರೀಕ್ಷೆಯ ರೀತಿಯೇ ಬೇರೆ. ವಿಧಾನ ಮಾತ್ರ ಹೊಂದುತ್ತದೆ: ಕೊನೆಯ ಫಲಿತಾಂಶಕ್ಕೆ ಕಾಯದೆ, ಅದನ್ನು ಮುಂಚೆಯೇ ಹೇಳುವ ಸಂಖ್ಯೆಯನ್ನು ಹುಡುಕುವುದು. ಕಮಿಟಿಯಲ್ಲಿರುವ ಹೋಟೆಲ್ ಮಾಲೀಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾತ್ರಿ ಎಷ್ಟು ಹಿಟ್ಟು ಉಳಿಯಿತು ಎಂದು ಅವರು ದಿನಾ ನೋಡುತ್ತಾರೆ, ವರ್ಷದ ಆಡಿಟ್ ಬರಲಿ ಎಂದು ಕೂರುವುದಿಲ್ಲ.

ನಮ್ಮ ಶಾಲೆಗಳಿಗೆ ಅಂಥ ಮುಂಗುರುತುಗಳು ಯಾವುವು? ನನ್ನ ಎಣಿಕೆಯಲ್ಲಿ ಮೂರು ಸಾಕು. ಒಂಬತ್ತರ ಮೊದಲ ಅವಧಿಯ ಗಣಿತದ ಲಿಖಿತ ಅಂಕ. ತಿಂಗಳಿಗೆ ಮೂರು ದಿನಕ್ಕಿಂತ ಹೆಚ್ಚು ಗೈರಾದವರ ಹೆಸರು. ಮತ್ತು ಪಠ್ಯಪುಸ್ತಕದ್ದಲ್ಲದ ಒಂದು ಇಂಗ್ಲಿಷ್ ಪುಟವನ್ನು ಓದಿ ಅರ್ಥ ಹೇಳಬಲ್ಲವರ ಸಂಖ್ಯೆ. ಕೊನೆಯದು ಕನ್ನಡ ಮಾಧ್ಯಮದ ಮಕ್ಕಳಿಗೆ ತೀರ ಮುಖ್ಯ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಹತ್ತರವರೆಗೆ ಕನ್ನಡದಲ್ಲಿ ಪುಸ್ತಕ ಕೊಡುತ್ತದೆ. ಹನ್ನೊಂದರಲ್ಲಿ ಅಕೌಂಟೆನ್ಸಿಯೂ ಫಿಸಿಕ್ಸೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಅಲ್ಲಿ ಎಡವುವ ಮಗುವಿಗೆ ಎಷ್ಟೋ ಸಲ ವಿಷಯ ಗೊತ್ತಿರುತ್ತದೆ, ಪ್ರಶ್ನೆ ಅರ್ಥವಾಗಿರುವುದಿಲ್ಲ. ಜೂನಿಯರ್ ಕಾಲೇಜಿನ ಹಾಜರಿಯನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಹೆಸರು ಕಾಲೇಜಿನಲ್ಲಿ, ಮಗು ಕೋಚಿಂಗ್ ಕ್ಲಾಸಿನಲ್ಲಿ ಎಂಬ ವ್ಯವಸ್ಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹಾಜರಿ ಪುಸ್ತಕ ತುಂಬಿದೆ ಎಂದ ಮಾತ್ರಕ್ಕೆ ಬೆಂಚು ತುಂಬಿರಬೇಕಿಲ್ಲ.

ಈಗ ಗುರಿಯನ್ನು ಬರೆಯುವುದು. ‘ಶೈಕ್ಷಣಿಕ ಗುಣಮಟ್ಟವನ್ನು ಉನ್ನತೀಕರಿಸುವುದು’ ಎಂದು ವಾರ್ಷಿಕ ವರದಿಯಲ್ಲಿ ಬರೆದದ್ದು ಗುರಿಯಲ್ಲ, ಹಾರೈಕೆ. ಗುರಿ ಹೀಗಿರುತ್ತದೆ: ‘2026ರ ಜೂನ್‌ನಲ್ಲಿ ಒಂಬತ್ತಕ್ಕೆ ಬಂದ 62 ಮಕ್ಕಳಲ್ಲಿ, 2028ರ ಎಸ್‌ಎಸ್‌ಸಿಯಲ್ಲಿ ಗಣಿತದ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 40 ದಾಟುವವರು ಕನಿಷ್ಠ 33 ಇರಬೇಕು. ಹಿಂದಿನ ಮೂರು ತಂಡಗಳಲ್ಲಿ ಈ ಸಂಖ್ಯೆ 19, 24, 21.’ ಯಾವ ಮಕ್ಕಳು, ಯಾವ ಅಳತೆ, ಈಗ ಎಷ್ಟು, ಎಲ್ಲಿಗೆ, ಯಾವಾಗ ಎಂಬುದೆಲ್ಲ ಇದರಲ್ಲಿದೆ. 33 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಇರಬೇಕು. ಕಳೆದ ತಂಡದಲ್ಲಿ 30ರಿಂದ 39ರ ನಡುವೆ ನಿಂತವರು 14 ಮಂದಿ. ಅವರಲ್ಲಿ ಹೆಚ್ಚಿನವರನ್ನು ಎರಡು ವರ್ಷದಲ್ಲಿ ಮೇಲೆತ್ತಬಹುದು ಎಂದು ಗಣಿತದ ಶಿಕ್ಷಕರು ಒಪ್ಪಿದ್ದಾರೆ, ಅದಕ್ಕೆ ವಾರಕ್ಕೆ ಎರಡು ಹೆಚ್ಚಿನ ತಾಸು ಕೇಳಿದ್ದಾರೆ. ಆ ಎರಡು ತಾಸಿನ ಸಂಬಳ ಬಜೆಟ್ಟಿನಲ್ಲಿ ಇಲ್ಲದಿದ್ದರೆ 33 ಎಂಬುದು ಬರಿ ಅಂಕಿ.

ಸಣ್ಣ ಶಾಲೆಗಳು ಶೇಕಡಾವಾರಿನ ಮೋಹ ಬಿಡುವುದು ಒಳ್ಳೆಯದು. 28 ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಸಂಖ್ಯೆ ಶೇ. 3.6ರಷ್ಟು ಕುಸಿಯುತ್ತದೆ. ಒಂದು ವರ್ಷ ಏರಿತು, ಮರುವರ್ಷ ಇಳಿಯಿತು ಎಂದು ಶಿಕ್ಷಕರನ್ನು ಹೊಗಳುವುದೂ ಬೈಯುವುದೂ ಅರ್ಥವಿಲ್ಲದ ಮಾತು. ಅಲ್ಲಿ ಮೂರು ವರ್ಷಗಳ ಒಟ್ಟು ಲೆಕ್ಕ ಹಿಡಿಯಬೇಕು, ಅಥವಾ ಮಕ್ಕಳನ್ನು ಹೆಸರಿನಿಂದಲೇ ನೋಡಬೇಕು.

40ರ ಗೆರೆ ಎಳೆದ ಕೂಡಲೇ ಎಲ್ಲರ ಗಮನವೂ 35ರಿಂದ 39ರಲ್ಲಿರುವ ಮಕ್ಕಳ ಮೇಲೆ ಬೀಳುತ್ತದೆ. 15 ತೆಗೆದವನು ಗೆರೆ ದಾಟುವುದು ಹೇಗೂ ದೂರ ಎಂದು ಹಿಂದಿನ ಬೆಂಚಿನಲ್ಲೇ ಉಳಿಯುತ್ತಾನೆ. ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಈ ರೋಗವನ್ನು ಗುರುತಿಸಿದ್ದರು: ಯಾವ ಸಂಖ್ಯೆಯ ಮೇಲೆ ನಿರ್ಧಾರ ನಿಲ್ಲುತ್ತದೋ ಆ ಸಂಖ್ಯೆಯನ್ನೇ ಜನ ತಿರುಚತೊಡಗುತ್ತಾರೆ. 17 ನಂಬರ್ ಫಾರ್ಮಿನ ಕತೆಯೂ ಇದೇ. ಆದ್ದರಿಂದ ಪ್ರತಿ ಗುರಿಯ ಜೊತೆ ಒಂದು ಕಾವಲು ಸಂಖ್ಯೆ ಬೇಕು. 40 ದಾಟಿದವರು ಹೆಚ್ಚಬೇಕು, ಜೊತೆಗೆ 20ರ ಕೆಳಗಿನವರು ಕಡಿಮೆಯಾಗಬೇಕು, ಒಂಬತ್ತರಿಂದ ಹತ್ತಕ್ಕೆ ಬಾರದವರ ಸಂಖ್ಯೆ ಏರಬಾರದು. ಮೂರೂ ಒಂದೇ ಹಾಳೆಯಲ್ಲಿ.

ಆ ಹಾಳೆ ಸಮಿತಿಯ ಮುಂದೆ ವರ್ಷಕ್ಕೆ ನಾಲ್ಕು ಸಲ ಬಂದರೆ ಸಾಕು. ಪ್ರವೇಶಗಳು ಮುಗಿದ ಜುಲೈಯಲ್ಲಿ, ದೀಪಾವಳಿ ರಜೆಯ ನಂತರ, ಪ್ರಿಲಿಮ್ ಮುಗಿದ ಮೇಲೆ, ಫಲಿತಾಂಶ ಬಂದ ಮೇಲೆ. ಕೇಂದ್ರ ಸರಕಾರದ ಶಾಲಾ ಮಾಹಿತಿ ಕೋಶ ಯುಡೈಸ್ ಪ್ಲಸ್‌ಗೆ ಸೆಪ್ಟೆಂಬರ್ 30ರ ಲೆಕ್ಕದಲ್ಲಿ ಮಾಹಿತಿ ತುಂಬುವ ಕೆಲಸ ಹೇಗೂ ಇದೆ, ಮಕ್ಕಳ ಸಂಖ್ಯೆಯನ್ನು ಅದರಿಂದಲೇ ತೆಗೆದುಕೊಳ್ಳಬಹುದು. ಶಿಕ್ಷಕರಿಗೆ ಇನ್ನೊಂದು ಫಾರ್ಮ್ ಹೊರಿಸುವುದು ಬೇಡ, ಈಗಿರುವ ಹೊರೆಯೇ ಸಾಕಷ್ಟಿದೆ. ಸಭೆಯಲ್ಲಿ ಸಮಿತಿಯವರ ಕೆಲಸ ಕೇಳುವುದು: ಯಾವ ಮಕ್ಕಳು ಉಳಿದಿದ್ದಾರೆ, ಏನು ಮಾಡಿದಿರಿ, ಏನು ಬೇಕು? ಯಾವ ಪಾಠ ಹೇಗೆ ಹೇಳಬೇಕು, ಯಾರನ್ನು ಯಾವ ತರಗತಿಗೆ ಹಾಕಬೇಕು ಎಂಬುದು ಮುಖ್ಯೋಪಾಧ್ಯಾಯರಿಗೆ ಬಿಟ್ಟದ್ದು. ಈ ಗೆರೆ ಅಳಿಸಿಹೋದ ಸಂಸ್ಥೆಗಳಲ್ಲಿ ಸಂಖ್ಯೆಗಳು ಶಿಕ್ಷಕರನ್ನು ಹೆದರಿಸುವ ಕೋಲಾಗುತ್ತವೆ. ಹೆದರಿದ ಶಿಕ್ಷಕರು ಆಂತರಿಕ ಅಂಕದಲ್ಲಿ ಎಲ್ಲರಿಗೂ 19 ಕೊಡುತ್ತಾರೆ.

ಸಮಿತಿಯ ಹಾಳೆಯಲ್ಲಿ ಮಕ್ಕಳ ಹೆಸರು ಇರಬಾರದು, ಸಂಖ್ಯೆ ಸಾಕು. ಹೆಸರಿನ ಪಟ್ಟಿ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಕಾಯ್ದೆ ಹಾಗಿರಲಿ, ನೆರೆಮನೆಯ ಹುಡುಗಿಯ ಗಣಿತದ ಅಂಕ ಸಂಘದ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದರೆ ಮುಂದಿನ ಆಗಸ್ಟಿನಲ್ಲಿ ಟೀಚರ್ ಮಾಡುವ ಫೋನನ್ನು ಯಾವ ಮನೆಯವರೂ ಎತ್ತುವುದಿಲ್ಲ.