ನಿಮಗಿದು ಗೊತ್ತೇ? ಶನಿವಾರವಾಡಾಕ್ಕೆ ಕಂಪ್ಯೂಟರ್ ಹೇಳುವ ವಾರ ಮಂಗಳವಾರ!

ಪುಣೆಯ ಶನಿವಾರವಾಡಾ ಕೋಟೆ ನೋಡಿದ್ದೀರಾ? ಮೊದಲನೇ ಬಾಜಿರಾಯ ಪೇಶ್ವೆ ಅದಕ್ಕೆ ಅಡಿಗಲ್ಲು ಹಾಕಿದ್ದು 1730ರ ಜನವರಿ 10ರಂದು. ಅವತ್ತು ಶನಿವಾರ. ಈಗ ಅದೇ ತಾರೀಖನ್ನು ಡೇಟಾಬೇಸಿಗೆ ಕೊಟ್ಟು ವಾರ ಯಾವುದು ಅಂತ ಕೇಳಿ. ಮಂಗಳವಾರ ಅನ್ನುತ್ತದೆ!

ಕಂಪ್ಯೂಟರ್ ಕೆಟ್ಟಿಲ್ಲ, ಇತಿಹಾಸವೂ ಸುಳ್ಳಲ್ಲ. ಪುಸ್ತಕದಲ್ಲಿರುವ ತಾರೀಖು ಅಂದಿನ ಇಂಗ್ಲಿಷರ ಜೂಲಿಯನ್ ಕ್ಯಾಲೆಂಡರಿನದು. ಕಂಪ್ಯೂಟರ್ ಹಿಂದಕ್ಕೆ ಎಣಿಸಿಕೊಂಡು ಹೋಗುವುದು ಇಂದಿನ ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ. ನಡುವೆ 11 ದಿನ ವ್ಯತ್ಯಾಸ. ಜನವರಿ 21 ಅಂತ ಕೊಟ್ಟು ನೋಡಿ, ಥಟ್ಟನೆ ಶನಿವಾರ ಬರುತ್ತದೆ! ವಾಡೆಯ ಗೃಹಪ್ರವೇಶ ನಡೆದದ್ದು 1732ರ ಜನವರಿ 22, ಅದೂ ಶನಿವಾರ. ಅದಕ್ಕೂ ಕಂಪ್ಯೂಟರಿನ ಉತ್ತರ ಮಂಗಳವಾರವೇ!

ಇನ್ನೊಂದು ಕೇಳಿ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರಿನ ಹಳೆಯ ಡೇಟ್‌ಟೈಮ್ ಕಾಲಮ್ಮಿನಲ್ಲಿ ಈ ಎರಡು ತಾರೀಖುಗಳನ್ನು ತುಂಬಲು ಆಗುವುದೇ ಇಲ್ಲ. ಅದರ ಪಾಲಿಗೆ ಕಾಲ ಶುರುವಾಗುವುದೇ 1753ರ ಜನವರಿ 1ಕ್ಕೆ! ಮೂರನೇ ಪಾಣಿಪತ್ ಯುದ್ಧ 1761, ಅದಕ್ಕೆ ಜಾಗವಿದೆ. ಶನಿವಾರವಾಡಾ ಕಟ್ಟಿದ್ದಕ್ಕೆ ಜಾಗವಿಲ್ಲ!

ಅದೇಕೆ 1753? ಅದರ ಹಿಂದಿನ ವರ್ಷ ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬದಲಾಯಿತು. 1752ರ ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಎದ್ದದ್ದು ಸೆಪ್ಟೆಂಬರ್ 14ಕ್ಕೆ. ಆ ಗೋಜಲೇ ಬೇಡವೆಂದು ಮರುವರ್ಷದಿಂದ ಎಣಿಕೆ!

ಸರಿ, ಇಂದಿನ ಪುಣೆಗೆ ಬರೋಣ. ಹಿಂಜೆವಾಡಿಯ ಆಫೀಸಿನಲ್ಲಿ ಕುಳಿತವರ ಡೇಟಾಬೇಸ್ ಅಮೆರಿಕದಲ್ಲಿ ಇರುತ್ತದೆ ಅಂದುಕೊಳ್ಳಿ. ಇಲ್ಲಿನ ಕಂಪ್ಯೂಟರ್ ಬರೆಯುವುದು ದಿನ-ತಿಂಗಳು-ವರ್ಷ. ಅಲ್ಲಿನ ಸರ್ವರ್ ಓದುವುದು ತಿಂಗಳು-ದಿನ-ವರ್ಷ. ತಿಂಗಳ 12ರವರೆಗೆ ಎಲ್ಲ ಸಲೀಸಾಗಿ ಸೇವ್ ಆಗುತ್ತದೆ. 13ನೇ ತಾರೀಖು ಬಂತೋ, ಎರರ್! ಹದಿಮೂರನೇ ತಿಂಗಳು ಎಲ್ಲಿಂದ ತರುವುದು?

ಎಲ್ಲರೂ ಗಾಬರಿಯಾಗುವುದು ಆ 13ನೇ ತಾರೀಖಿಗೆ. ನಿಜವಾಗಿ ಗಾಬರಿಯಾಗಬೇಕಾದ್ದು ಹಿಂದಿನ 12 ದಿನಗಳಿಗೆ! ಏಪ್ರಿಲ್ 5 ಅಂತ ಕಳಿಸಿದ್ದು ಅಲ್ಲಿ ಮೇ 4 ಆಗಿ ಕೂತಿರುತ್ತದೆ. ಎರರ್ ಇಲ್ಲ, ಸದ್ದಿಲ್ಲ, ಸುಳಿವಿಲ್ಲ. ತಪ್ಪು ತಾರೀಖು ತಣ್ಣಗೆ ಒಳಗೆ ಸೇರಿಕೊಂಡಿರುತ್ತದೆ!

ವರ್ಷದಲ್ಲಿ ಹೀಗೆ ಮೋಸ ಮಾಡಬಲ್ಲ ದಿನಗಳೆಷ್ಟು ಗೊತ್ತೇ? ಲೆಕ್ಕ ಹಾಕಿ. ಹನ್ನೆರಡು ತಿಂಗಳು, ಪ್ರತಿ ತಿಂಗಳ ಮೊದಲ ಹನ್ನೆರಡು ದಿನ, ಒಟ್ಟು 144. ಅದರಲ್ಲಿ ಜನವರಿ 1, ಫೆಬ್ರವರಿ 2, ಮಾರ್ಚ್ 3, ಹೀಗೆ ತಿರುಗಿಸಿದರೂ ಅದೇ ಆಗುವ 12 ದಿನ ಬಿಡಿ. ಉಳಿದದ್ದು 132 ದಿನ. ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು!

ನಮ್ಮ ಕಡೆಯವರಿಗಂತೂ ಇದು ಬಲು ಹತ್ತಿರದ ವಿಷಯ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಕರ್ನಾಟಕದಲ್ಲೂ ಹಾಗೇ, ಮಹಾರಾಷ್ಟ್ರದಲ್ಲೂ ಹಾಗೇ. 01/06 ಅನ್ನುವುದು ಅಮೆರಿಕದ ಸರ್ವರಿಗೆ ಹೋದರೆ ಅವರೆಲ್ಲರ ಹುಟ್ಟುಹಬ್ಬ ಒಟ್ಟಿಗೇ ಜನವರಿ 6ಕ್ಕೆ ಜಿಗಿಯುತ್ತದೆ!

ಮೈಕ್ರೋಸಾಫ್ಟ್ ಆಕ್ಸೆಸ್ ಇನ್ನೂ ವಿಚಿತ್ರ. ಅದರ ಕ್ವೆರಿಯಲ್ಲಿ ಹ್ಯಾಶ್ ಗುರುತುಗಳ ನಡುವೆ ಬರೆದ ತಾರೀಖನ್ನು ಮೊದಲು ಅಮೆರಿಕದ ಕ್ರಮದಲ್ಲಿ ಓದುತ್ತದೆ. ನಿಮ್ಮ ವಿಂಡೋಸಿನಲ್ಲಿ ಭಾರತದ ಸೆಟ್ಟಿಂಗ್ ಇದ್ದರೂ ಅಷ್ಟೇ. ಹೊಂದದಿದ್ದರೆ ತಾನೇ ತಿರುಗಿಸಿ ಓದಿಕೊಳ್ಳುತ್ತದೆ. ಹಾಗಾಗಿ 5ನೇ ತಾರೀಖು ತಪ್ಪು, 25ನೇ ತಾರೀಖು ಸರಿ, ಎರರ್ ಮಾತ್ರ ಎಂದೂ ಇಲ್ಲ!

ವರ್ಷ-ತಿಂಗಳು-ದಿನ ಅಂತ ಬರೆದರೆ ಎಲ್ಲೂ ತೊಂದರೆಯಿಲ್ಲ ಅಂದುಕೊಂಡಿರಾ? ತಡೆಯಿರಿ! ಎಸ್‌ಕ್ಯುಎಲ್ ಸರ್ವರಿನ ಲಾಗಿನ್ ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ, ಹಳೆಯ ಡೇಟ್‌ಟೈಮ್ ಕಾಲಮ್ಮು 2020-04-05 ಅನ್ನುವುದನ್ನು ಮೇ 4 ಅಂತ ಓದುತ್ತದೆ. ನಡುವಿನ ಅಡ್ಡಗೆರೆ ತೆಗೆದು 20200405 ಅಂತ ಬರೆಯಿರಿ. ಏಪ್ರಿಲ್ 5 ಅಂತ ಸರಿಯಾಗಿ ಓದುತ್ತದೆ. ಎರಡು ಗೆರೆ ತೆಗೆದದ್ದಕ್ಕೆ ಒಂದು ತಿಂಗಳು ಉಳಿಯಿತು!

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿಗೆ 10/11/12 ಅಂತ ಕೊಟ್ಟರೆ ಏನು ಬರುತ್ತದೆ ಹೇಳಿ ನೋಡೋಣ. 2012ರ ನವೆಂಬರ್ 10? ಅಲ್ಲ. ಅಕ್ಟೋಬರ್ 11? ಅದೂ ಅಲ್ಲ. 2010ರ ನವೆಂಬರ್ 12! ಅದಕ್ಕೆ ಯಾವಾಗಲೂ ವರ್ಷವೇ ಮೊದಲು.

ಅದೇ ಮೈಎಸ್‌ಕ್ಯುಎಲ್‌ನಲ್ಲಿ ಸೊನ್ನೆ ವರ್ಷದ ಸೊನ್ನೆ ತಿಂಗಳ ಸೊನ್ನೆ ದಿನ ಅನ್ನುವ ತಾರೀಖೂ ಇತ್ತು! ತಪ್ಪು ತಾರೀಖು ಕೊಟ್ಟರೆ ಸುಮ್ಮನೆ ಸೊನ್ನೆಗಳನ್ನು ತುಂಬಿ ಮುಂದಕ್ಕೆ ಹೋಗುತ್ತಿತ್ತು. 2015ರಲ್ಲಿ ಬಂದ 5.7ನೇ ಆವೃತ್ತಿಯಿಂದ ಬಿಗಿ ನಿಯಮ. ಈಗ 1292 ಅನ್ನುವ ಸಂಖ್ಯೆಯ ಎರರ್ ಕೊಟ್ಟು ಬಾಗಿಲಲ್ಲೇ ತಡೆಯುತ್ತದೆ. ಆ ಎರರ್ ಕಂಡವರು ಬೇಸರ ಮಾಡಿಕೊಳ್ಳಬೇಡಿ, ಅದು ನಿಮ್ಮನ್ನು ಕಾಪಾಡಿದೆ!

ಬರೀ 65 ಅಂತ ವರ್ಷ ಬರೆದರೆ? ಎಸ್‌ಕ್ಯುಎಲ್ ಸರ್ವರ್ 1965 ಅನ್ನುತ್ತದೆ. ಮೈಎಸ್‌ಕ್ಯುಎಲ್ 2065 ಅನ್ನುತ್ತದೆ. ಒಂದರಲ್ಲಿ ನಿವೃತ್ತಿಯಾದವರು ಇನ್ನೊಂದರಲ್ಲಿ ಇನ್ನೂ ಹುಟ್ಟೇ ಇಲ್ಲ!

ತಾರೀಖಿನ ಜಾಗದಲ್ಲಿ 1899ರ ಡಿಸೆಂಬರ್ 30 ಕಂಡಿದ್ದೀರಾ? ಅದು ಆಕ್ಸೆಸ್ಸಿನ ಸೊನ್ನೆ. ಬರೀ ಗಂಟೆ ನಿಮಿಷ ಇದ್ದು ತಾರೀಖೇ ಇಲ್ಲದಾಗ ಇಣುಕುತ್ತದೆ. ಎಕ್ಸೆಲ್ಲಿನ ಸೊನ್ನೆಯೋ 1900ರ ಜನವರಿ 0! ಯಾವ ಪಂಚಾಂಗದಲ್ಲೂ ಸಿಗದ ದಿನ.

ಇನ್ನು 1970ರ ಜನವರಿ 1, ಬೆಳಗಿನ ಜಾವ 5:30 ಅಂತ ಕಂಡರೆ? ಅದು ಯುನಿಕ್ಸ್ ಗಡಿಯಾರದ ಸೊನ್ನೆ. ಅಸಲಿಗೆ ಅದು ಗ್ರೀನಿಚ್‌ನ ಮಧ್ಯರಾತ್ರಿ. ನಮ್ಮಲ್ಲಿ ಆಗ ಐದೂವರೆ!

ಈ ಐದೂವರೆ ಗಂಟೆ ಮಾಡುವ ಕಿತಾಪತಿ ಒಂದೆರಡಲ್ಲ. ಪುಣೆಯ ಫಾರಮ್ಮಿನಲ್ಲಿ ನೀವು ಮಾರ್ಚ್ 10 ಅಂತ ತುಂಬುತ್ತೀರಿ. ಪ್ರೋಗ್ರಾಂ ಅದನ್ನು ಮಾರ್ಚ್ 10ರ ಮಧ್ಯರಾತ್ರಿ ಅಂತ ಹಿಡಿಯುತ್ತದೆ. ದೂರದ ಸರ್ವರಿಗೆ ಅದು ಗ್ರೀನಿಚ್ ಲೆಕ್ಕದಲ್ಲಿ ಮಾರ್ಚ್ 9ರ ಸಂಜೆ 6:30. ಗಂಟೆ ಕತ್ತರಿಸಿ ತಾರೀಖು ಮಾತ್ರ ಇಟ್ಟುಕೊಂಡರೆ ಉಳಿಯುವುದು 9! ದಾಖಲೆಯಲ್ಲಿ ಎಲ್ಲರದ್ದೂ ಒಂದೇ ಒಂದು ದಿನ ಹಿಂದೆ ಸರಿದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಮನೆಯಲ್ಲಿ 1943ರಲ್ಲಿ ಹುಟ್ಟಿದ ಅಜ್ಜ ಅಜ್ಜಿ ಇದ್ದಾರೆಯೇ? ಅವರ ಕಥೆ ಬೇರೆಯೇ! ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆಗ ನಾವು ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ. ಈ ಇತಿಹಾಸ ಬಲ್ಲ ಪ್ರೋಗ್ರಾಂ ಒಂದು ಕಡೆ, ಕಣ್ಣುಮುಚ್ಚಿ ಐದೂವರೆ ಕೂಡಿಸುವ ಪ್ರೋಗ್ರಾಂ ಇನ್ನೊಂದು ಕಡೆ ಇದ್ದರೆ ಮಧ್ಯರಾತ್ರಿ ಹನ್ನೆರಡು ಹಿಂದಿನ ದಿನದ ರಾತ್ರಿ ಹನ್ನೊಂದಾಗುತ್ತದೆ. ಜನ್ಮದಿನ ಒಂದು ದಿನ ಹಿಂದಕ್ಕೆ! ಅವರ ಮಕ್ಕಳದ್ದು ಸರಿ, ಮೊಮ್ಮಕ್ಕಳದ್ದೂ ಸರಿ, ಅಜ್ಜ ಅಜ್ಜಿಯದು ಮಾತ್ರ ತಪ್ಪು. ಯುದ್ಧ ಮುಗಿದು ಎಷ್ಟೋ ಕಾಲವಾಯಿತು, ಅದರ ಆ ಒಂದು ಗಂಟೆ ಇನ್ನೂ ಕಂಪ್ಯೂಟರಿನೊಳಗೆ ಓಡಾಡುತ್ತಿದೆ!

ಪುಣೆಯ ಶಿವಾಜಿನಗರದಲ್ಲಿ 'ಸಿಮ್ಲಾ ಆಫೀಸ್' ಇದೆ, ಗೊತ್ತೇ? 1928ರಲ್ಲಿ ಹವಾಮಾನ ಇಲಾಖೆ ಶಿಮ್ಲಾದಿಂದ ಇಲ್ಲಿಗೆ ಬಂತು, ಹೆಸರೂ ಜೊತೆಗೇ ಬಂತು! ಇಲಾಖೆಯ ಮಳೆಯ ದಿನ ಮಧ್ಯರಾತ್ರಿಗೆ ಬದಲಾಗುವುದಿಲ್ಲ, ಬೆಳಿಗ್ಗೆ 8:30ಕ್ಕೆ ಬದಲಾಗುತ್ತದೆ. ದೂರದ ಸ್ವಯಂಚಾಲಿತ ಕೇಂದ್ರಗಳು ಉಪಗ್ರಹದ ಮೂಲಕ ಕಳಿಸುವ ಲೆಕ್ಕಕ್ಕೆ ಗ್ರೀನಿಚ್ ಸಮಯ. ಆಗುಂಬೆಯಲ್ಲಿ ಜುಲೈ 26ರ ನಡುರಾತ್ರಿ ಎರಡಕ್ಕೆ ಮಳೆ ಹೊಯ್ದರೆ ಗ್ರೀನಿಚ್ ಲೆಕ್ಕದಲ್ಲಿ ಅದು 25ರ ಮಳೆ. ದಿನದ ಮಳೆ ಪಟ್ಟಿಯಲ್ಲಿ 26ರ ಮಳೆ. ಒಂದೇ ಮಳೆ, ಎರಡು ತಾರೀಖು, ಎರಡೂ ಸರಿ!

ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ 30 ದೊಡ್ಡ ತಟ್ಟೆಗಳ ರೇಡಿಯೋ ದೂರದರ್ಶಕವಿದೆ. ಒಂದೊಂದು ತಟ್ಟೆಯ ವ್ಯಾಸ 45 ಮೀಟರ್! ಇಂಥ ಕಡೆ ಕೆಲಸ ಮಾಡುವ ಖಗೋಳ ವಿಜ್ಞಾನಿಗಳು ಬಳಸುವ ಜೂಲಿಯನ್ ದಿನಸಂಖ್ಯೆ ಬದಲಾಗುವುದು ಗ್ರೀನಿಚ್‌ನ ಮಧ್ಯಾಹ್ನಕ್ಕೆ. ಅಂದರೆ ನಮ್ಮ ಸಂಜೆ ಐದೂವರೆಗೆ ಹೊಸ ದಿನ! ಆ ಎಣಿಕೆಯ ಮೊದಲ ದಿನ ಕ್ರಿಸ್ತಪೂರ್ವ 4713ರ ಜನವರಿ 1. ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಪ್ಪುವ ಹಳೆಯ ವರ್ಷವೂ ಅದೇ!

ಇದನ್ನು ಕೇಳಿದರೆ ಹುಬ್ಬೇರಿಸುತ್ತೀರಿ. ನಮ್ಮ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು. ಅದನ್ನು ಸೂಚಿಸಿದ ಮೇಘನಾದ ಸಾಹಾ ಸಮಿತಿಯಲ್ಲಿ ಪುಣೆಯ 'ಕೇಸರಿ' ಪತ್ರಿಕೆಯ ಮಾಜಿ ಸಂಪಾದಕ ಜೆ. ಎಸ್. ಕರಂದೀಕರರೂ ಇದ್ದರು. ಶಕ ವರ್ಷದ ತಾರೀಖು ಬರೆದ ಚೆಕ್ಕೂ ಮಾನ್ಯ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಮಾರ್ಚ್ 22ಕ್ಕೆ ಶುರುವಾದ ಶಕ ವರ್ಷ ಯಾವುದು ಗೊತ್ತೇ? 1947! ಅದನ್ನು ಹಾಗೇ ಟೈಪ್ ಮಾಡಿದರೆ ಕಂಪ್ಯೂಟರಿಗೆ ಅದು ಸ್ವಾತಂತ್ರ್ಯ ಬಂದ ವರ್ಷ!

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ೧೯೫೬ ಅಂತ ವರ್ಷವನ್ನು ಕನ್ನಡ ಅಂಕಿಯಲ್ಲೇ ಕೊಟ್ಟು ಪೂರ್ಣಾಂಕ ಮಾಡು ಅನ್ನಿ. ತಕರಾರಿಲ್ಲದೆ 1956 ಅನ್ನುತ್ತದೆ. ಕನ್ನಡ ಬರುತ್ತದೆ ಅದಕ್ಕೆ!

ಸಮೋವಾ ದ್ವೀಪದಲ್ಲಿ 2011ರ ಡಿಸೆಂಬರ್ 30 ಇರಲೇ ಇಲ್ಲ. ದಿನರೇಖೆ ದಾಟಲು ಇಡೀ ದಿನವನ್ನೇ ಬಿಟ್ಟುಬಿಟ್ಟರು! ಸ್ವೀಡನ್ನಿನಲ್ಲಿ 1712ರ ಫೆಬ್ರವರಿ 30 ನಿಜವಾಗಿಯೂ ಇತ್ತು. ಹೆಚ್ಚಿನ ಡೇಟಾಬೇಸುಗಳು ನಂಬುವುದೇ ಇಲ್ಲ!

2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟಿನ ಅಜೂರ್ ಸೇವೆ ಗಂಟೆಗಟ್ಟಲೆ ಕೈಕೊಟ್ಟಿತು. ಒಂದು ವರ್ಷದ ಪ್ರಮಾಣಪತ್ರಕ್ಕೆ ಅದು ಕೊನೆಯ ದಿನ ಬರೆದುಕೊಂಡದ್ದು 2013ರ ಫೆಬ್ರವರಿ 29 ಅಂತ. ಆ ದಿನವೇ ಇಲ್ಲವಲ್ಲ!

ಈಗ ನಿಮಗೊಂದು ಕೆಲಸ. ದೂರದ ಸರ್ವರಿಗೆ ತಾರೀಖು ಕಳಿಸುವ ಪ್ರೋಗ್ರಾಂ ನಿಮ್ಮ ಕೈಯಲ್ಲಿದ್ದರೆ ಮೂರು ತಾರೀಖು ಕಳಿಸಿ ನೋಡಿ: ಏಪ್ರಿಲ್ 5, ಏಪ್ರಿಲ್ 25, ಮತ್ತೆ ನಿಮ್ಮ ಮನೆಯ ಹಿರಿಯರೊಬ್ಬರ ಹುಟ್ಟಿದ ದಿನ. ಎರರ್ ಬರಲಿಲ್ಲ ಅಂತ ಎದ್ದು ಹೋಗಬೇಡಿ. ಅಲ್ಲಿ ಸೇವ್ ಆದದ್ದನ್ನು ವಾಪಸ್ ತೆಗೆದು ಕಣ್ಣಾರೆ ಓದಿ!